ಎರೆನೆಲಕ್ಕೆ ಪಳಗಿದ ಬೈಕು

ಮಳೆಗಾಲದಲ್ಲಿ ನಾರಾಯಣಖೇಡದ ಹೊಲದ ದಾರಿಗೆ ಬೈಕ್ ಇಳಿಸಿದವರಿಗೆ ಮೊದಲ ಪಾಠ ಹೇಳುವುದು ಮುಂದಿನ ಮಡ್‌ಗಾರ್ಡ್. ಮಾಂಜ್ರಾ ನದಿ ಸೀಮೆಯ ಎರೆಮಣ್ಣು ಬೇಸಿಗೆಯಲ್ಲಿ ಬಾಯಿಬಿಟ್ಟು ಮಲಗಿರುತ್ತದೆ. ಎರಡು ಹದಮಳೆ ಬಿದ್ದರೆ ಅಂಟಾಗುತ್ತದೆ. ಗಾಲಿ ಒಂದು ಸುತ್ತು ತಿರುಗಿದರೆ ಒಂದು ಪದರ ಮಣ್ಣು, ಇನ್ನೊಂದು ಸುತ್ತಿಗೆ ಇನ್ನೊಂದು ಪದರ. ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಎರಡು ಬೆರಳ ಸಂದು ನೋಡನೋಡುತ್ತಲೇ ಮುಚ್ಚಿಹೋಗುತ್ತದೆ. ಆಮೇಲೆ ಎಂಜಿನ್ ಎಷ್ಟು ಗುಡುಗಿದರೂ ಮುಂದಿನ ಗಾಲಿ ತಿರುಗುವುದಿಲ್ಲ. ಸವಾರ ಇಳಿದು, ಬೇಲಿಯಿಂದ ಒಂದು ಕಡ್ಡಿ ಮುರಿದುಕೊಂಡು, ಮಣ್ಣು ಕೆದರುತ್ತ ಕೂರಬೇಕು.

ಮಣ್ಣುದಾರಿಗೆಂದೇ ಮಾಡಿದ ಬೈಕುಗಳಲ್ಲಿ ಮುಂದಿನ ಮಡ್‌ಗಾರ್ಡ್ ಹಕ್ಕಿಯ ಕೊಕ್ಕಿನಂತೆ ಟೈರಿನಿಂದ ಗೇಣೆತ್ತರಕ್ಕೆ ನಿಂತಿರುವುದು ಇದೇ ಕಾರಣಕ್ಕೆ. ಡಾಂಬರಿನ ಮೇಲೂ ಸಲ್ಲುವ, ಮಣ್ಣಿನ ಮೇಲೂ ಸಲ್ಲುವ, ನಂಬರ್ ಪ್ಲೇಟ್ ಇರುವ ಇಂಥ ಗಾಡಿಗೆ ‘ಡ್ಯುಯಲ್ ಸ್ಪೋರ್ಟ್’ ಎಂದು ಹೆಸರು. ಅದರ ಒಂದೊಂದು ಅಂಗವೂ ಯಾರೋ ಸವಾರರು ಎಲ್ಲೋ ಸಿಕ್ಕಿಬಿದ್ದು, ಕಳಚಿ, ಕೊಯ್ದು, ಬೆಸುಗೆ ಹಾಕಿ ಕಂಡುಕೊಂಡದ್ದು.

ಆ ಗಾಡಿಯ ಪರೀಕ್ಷೆಗೆ ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಸೀಮೆಗಿಂತ ಒಳ್ಳೆಯ ಅಂಕಣ ಸಿಗುವುದು ಕಷ್ಟ. ಬೀದರ್ ಕೋಟೆಗೆ ಹಾಕಿದ ಕೆಂಪು ಜಂಬಿಟ್ಟಿಗೆಯ ನೆಲವೇ ಜಹೀರಾಬಾದಿನವರೆಗೂ ಹಬ್ಬಿದೆ. ಅಲ್ಲಿನ ದಾರಿಯ ಗರಸು ಟೈರಿನ ಕೆಳಗೆ ಗೋಲಿಗಳಂತೆ ಉರುಳುತ್ತದೆ. ನಾರಾಯಣಖೇಡದ್ದು ಎರೆ. ತಾಂಡೂರಿನದು ಸುಣ್ಣಕಲ್ಲಿನ ಪ್ರಪಂಚ: ಮನೆಮನೆಯ ನೆಲಕ್ಕೆ ಹಾಸುವ ನೀಲಿ, ಹಳದಿ ಬಂಡೆಯ ಗಣಿಗಳು, ಸಿಮೆಂಟ್ ಕಾರ್ಖಾನೆಗಳು, ಅವುಗಳ ಲಾರಿಗಳು, ಲಾರಿಗಳ ಹಿಂದೆ ಏಳುವ ಹಿಟ್ಟಿನಂಥ ದೂಳು. ಒಂದೇ ಭಾನುವಾರದಲ್ಲಿ ಮೂರೂ ನೆಲ ತುಳಿಯುವ ಬೈಕಿಗೆ ಹಿಡಿತ, ನೆಗೆತ, ಉಸಿರು ಮೂರೂ ಬೇಕು.

ಈಗ ತೆಲಂಗಾಣದಲ್ಲಿದ್ದರೂ ಈ ಮೂರೂ ಊರುಗಳು ಕನ್ನಡಕ್ಕೆ ಹೊರಗಿನವಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲ್ಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ಗಡಿಗೆರೆ ಬಿದ್ದ ಮೇಲೂ ಸಂತೆ, ನೆಂಟಸ್ತಿಕೆ, ಮಾತು ಗೆರೆ ದಾಟಿ ಓಡಾಡುತ್ತಲೇ ಇವೆ. ತೊಗರಿಯನ್ನೇ ನೋಡಿ: ಕಲಬುರಗಿಯ ತೊಗರಿಬೇಳೆಗೂ ಭೌಗೋಳಿಕ ಸೂಚ್ಯಂಕದ ಮನ್ನಣೆ ಸಿಕ್ಕಿದೆ, ತಾಂಡೂರಿನ ತೊಗರಿಗೂ ಸಿಕ್ಕಿದೆ. ಆ ತೊಗರಿ ಹೊಲಗಳ ನಡುವಿನ ಬಂಡಿಜಾಡುಗಳಲ್ಲಿ ಇವತ್ತು ಹೆಚ್ಚು ಓಡುವುದು ಟ್ರ್ಯಾಕ್ಟರ್ ಮತ್ತು ಮೋಟರ್ ಸೈಕಲ್.

ಹೊರದೇಶಗಳಲ್ಲಿ ಈ ಬಗೆಯ ಬೈಕಿನ ಕತೆ ಶುರುವಾದದ್ದು ಕಳಚುವುದರಿಂದ. 1960ರ ದಶಕದವರೆಗೆ ಮಣ್ಣಿನಲ್ಲಿ ಓಡಿಸಬೇಕೆಂದವರು ರಸ್ತೆಯ ಗಾಡಿಯನ್ನೇ ಕೊಂಡು, ಭಾರದ ಬಿಡಿಭಾಗಗಳನ್ನು ಬಿಚ್ಚಿಹಾಕಿ, ಸೈಲೆನ್ಸರನ್ನು ಮೇಲಕ್ಕೆ ತಿರುಗಿಸಿ, ಗುಬಟು ಟೈರು ತೊಡಿಸುತ್ತಿದ್ದರು. 1968ರಲ್ಲಿ ಯಮಾಹಾ ಕಂಪನಿ ಡಿಟಿ-1 ಎಂಬ 250 ಸಿ.ಸಿ. ಗಾಡಿಯನ್ನು ಮಾರುಕಟ್ಟೆಗೆ ತಂದಿತು. ಹೆಡ್‌ಲೈಟ್ ಉಂಟು, ರಸ್ತೆಯ ಪರವಾನಗಿ ಉಂಟು, ಆದರೆ ಮೈಕಟ್ಟೆಲ್ಲ ಮಣ್ಣಿನದು. ಸವಾರರು ಗ್ಯಾರೇಜಿನಲ್ಲಿ ಮಾಡಿಕೊಳ್ಳುತ್ತಿದ್ದುದನ್ನು ಕಾರ್ಖಾನೆಯೇ ಮಾಡಿ ಕೊಟ್ಟಿತ್ತು. ಹತ್ತು ವರ್ಷಗಳ ನಂತರ, 1978ರ ಡಿಸೆಂಬರ್ 26ರಂದು ಪ್ಯಾರಿಸ್‌ನಿಂದ ಮೊದಲ ಡಾಕರ್ ರ್‍ಯಾಲಿ ಹೊರಟಿತು. ಆ ಮರಳುಗಾಡಿನ ಓಟದಲ್ಲಿ ಗೆದ್ದದ್ದೂ ಯಮಾಹಾದ ಒಂದು ಸಿಲಿಂಡರಿನ ಎಕ್ಸ್‌ಟಿ 500.

ನಮ್ಮಲ್ಲಿ ಅಂಥ ಗಾಡಿ ಇರಲಿಲ್ಲ; ಜಾವಾ ಇತ್ತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಂದ ಆ ಟೂ-ಸ್ಟ್ರೋಕ್ ಬೈಕುಗಳು 1973ರಲ್ಲಿ ಯೆಜ್ಡಿ ಎಂಬ ಹೆಸರು ಪಡೆದವು. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವವರೆಗೆ ರೇಸು, ರ್‍ಯಾಲಿಗಳಿಗೆ ಇವನ್ನು ತಿದ್ದುವುದೇ ಒಂದು ವಿದ್ಯೆಯಾಗಿ ಬೆಳೆಯಿತು. ಟೂ-ಸ್ಟ್ರೋಕ್ ಎಂಜಿನ್ನಿಗೆ ವಾಲ್ವ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಂಡಿಗಳಿವೆ, ಪಿಸ್ಟನ್ನೇ ಅವನ್ನು ತೆರೆದು ಮುಚ್ಚುತ್ತದೆ. ಆ ಕಂಡಿಯನ್ನು ಅರದಿಂದ ಒಂದೆರಡು ಮಿಲಿಮೀಟರ್ ಎತ್ತರಿಸಿದರೆ ಎಂಜಿನ್ನಿನ ಗುಣವೇ ಬದಲಾಗುತ್ತದೆ. ಪೋರ್ಟಿಂಗ್ ಎಂದರೆ ಇದೇ. ಆದರೆ ಹೀಗೆ ಗಳಿಸಿದ ಬಲವೆಲ್ಲ ಎಂಜಿನ್ ಜೋರಾಗಿ ತಿರುಗುವಾಗಿನದು. ಕೆಸರಿನಲ್ಲಿ ಬೇಕಾದದ್ದು ನಿಧಾನವಾಗಿ ತಿರುಗುವಾಗಲೂ ಬಿಡದೆ ಎಳೆಯುವ ಬಲ.

ಮಣ್ಣಿಗೆಂದೇ ಕಟ್ಟಿದ ಗಾಡಿ ನಮ್ಮ ಮಾರುಕಟ್ಟೆಗೆ ಮುಟ್ಟಲು 2011 ಬರಬೇಕಾಯಿತು. ಹೋಂಡಾದಿಂದ ಬೇರೆಯಾದ ಹೀರೊ ಆ ವರ್ಷ ‘ಇಂಪಲ್ಸ್’ ತಂದಿತು: 150 ಸಿ.ಸಿ., 13.2 ಪಿಎಸ್ ಶಕ್ತಿ, 134 ಕಿಲೊ ತೂಕ, ಉದ್ದನೆಯ ಫೋರ್ಕ್, ಎತ್ತರದ ಹ್ಯಾಂಡಲ್. ಮೈಕಟ್ಟನ್ನು ಸವಾರರು ಮೆಚ್ಚಿದರು, ಎಂಜಿನ್ ಸಾಲದು ಎಂದರು. ಅದಕ್ಕೆ ಉತ್ತರ ಹುಟ್ಟಿದ್ದು ಗ್ಯಾರೇಜುಗಳಲ್ಲಿ. ಹೀರೊದ್ದೇ ಕರಿಜ್ಮಾ ಬೈಕಿನ 223 ಸಿ.ಸಿ. ಎಂಜಿನ್ ಇಳಿಸಿ, ಇಂಪಲ್ಸಿನ ಚಾಸಿಗೆ ಕೂರಿಸುವ ಕೆಲಸ ದೇಶದ ಹಲವು ಊರುಗಳಲ್ಲಿ ನಡೆಯಿತು. ಎಂಜಿನ್ ಮೌಂಟ್ ಹೊಸದಾಗಿ ಬೆಸೆಯಬೇಕು, ಚೈನ್ ಗೆರೆ ಹೊಂದಿಸಬೇಕು, ವೈರಿಂಗ್ ಬದಲಿಸಬೇಕು. ಕಂಪನಿ ಮಾಡದಿದ್ದ ಗಾಡಿಯನ್ನು ಮೆಕ್ಯಾನಿಕ್ಕುಗಳು ಮಾಡಿ ತೋರಿಸಿದರು.

ಅದೇ ಹೊತ್ತಿಗೆ ಕನ್ನಡ ನೆಲದ ಸವಾರರು ಇನ್ನೂ ದೂರಕ್ಕೆ ಹೋದರು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯರಾದರು. ಅವರಿಗೆ 36ನೇ ಸ್ಥಾನ ಸಿಕ್ಕಿತು. 2017ರಲ್ಲಿ ಹೀರೊ ತಂಡ ಡಾಕರ್‌ಗೆ ಇಳಿದಾಗಲೂ ಅವರಿದ್ದರು. ಉಡುಪಿಯ ಕೆ.ಪಿ. ಅರವಿಂದ್ ಟಿವಿಎಸ್ ತಂಡದಿಂದ ಓಡಿ 2019ರಲ್ಲಿ 37ನೆಯವರಾದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಎಫ್‌ಐಎಂ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಡಾಕರ್‌ನಲ್ಲಿ ಎಂಜಿನ್ 450 ಸಿ.ಸಿ. ಮೀರುವಂತಿಲ್ಲ, ಅಲ್ಲಿನ ಗಾಡಿಗಳ ಫೋರ್ಕ್ ಮಾತ್ರ ಸುಮಾರು 300 ಮಿಲಿಮೀಟರ್ ಕುಗ್ಗಿ ಏಳುತ್ತದೆ. ಜಗತ್ತಿನ ಅತಿ ಕಠಿಣ ಓಟದಲ್ಲೂ ಬೈಕನ್ನು ಕಾಪಾಡುವುದು ಶಾಕಪ್ಪು.

2019ರ ಮೇ ತಿಂಗಳಲ್ಲಿ ಬಂದ ಹೀರೊ ಎಕ್ಸ್‌ಪಲ್ಸ್ 200ರಲ್ಲಿ ಈ ತಿಳಿವಳಿಕೆ ಕಾಣುತ್ತದೆ. ಶಕ್ತಿ 18.4 ಪಿಎಸ್. ಮುಂದೆ 21 ಇಂಚು, ಹಿಂದೆ 18 ಇಂಚಿನ ಕಡ್ಡಿಚಕ್ರ. ಶಾಕಪ್ಪಿನ ಓಡಾಟ ಮುಂದೆ 190, ಹಿಂದೆ 170 ಮಿಲಿಮೀಟರ್; ನೆಲದಿಂದ ಎತ್ತರ 220. ಮರುವರ್ಷ ಕಂಪನಿ ಸುಮಾರು 38,000 ರೂಪಾಯಿಯ ರ್‍ಯಾಲಿ ಕಿಟ್ ಹೊರತಂದಿತು. ಅದನ್ನು ಹಾಕಿದರೆ ಶಾಕಪ್ಪಿನ ಓಡಾಟ 250 ಮತ್ತು 220ಕ್ಕೆ, ನೆಲದೆತ್ತರ 275ಕ್ಕೆ ಏರುತ್ತಿತ್ತು. ಗುಬಟು ಟೈರು, ನಿಂತು ಓಡಿಸಲು ಅನುಕೂಲವಾಗುವಂತೆ ಹ್ಯಾಂಡಲನ್ನು ಎತ್ತರಿಸುವ ತುಂಡುಗಳು, ಬೇರೆ ಸ್ಪ್ರಾಕೆಟ್ ಕೂಡ ಅದರಲ್ಲಿದ್ದವು. ಎಂಜಿನ್ನಿನ ಬಲ ಹೆಚ್ಚಿಸುವ ಒಂದು ಭಾಗವೂ ಅದರಲ್ಲಿರಲಿಲ್ಲ.

ಹಾಗಿದ್ದೂ ಗಾಡಿ ಬದಲಾಗುತ್ತಿತ್ತು. ಹೇಗೆಂದು ತಿಳಿಯಲು ಸ್ಪ್ರಾಕೆಟ್ಟಿನ ಲೆಕ್ಕ ಸಾಕು. ಮುಂದಿನ ಸ್ಪ್ರಾಕೆಟ್ಟಿಗೆ 13 ಹಲ್ಲು, ಹಿಂದಿನದಕ್ಕೆ 39 ಹಲ್ಲು ಇದ್ದರೆ ಮುಂದಿನದು ಮೂರು ಸುತ್ತು ತಿರುಗಿದಾಗ ಹಿಂದಿನ ಗಾಲಿ ಒಂದು ಸುತ್ತು. ಮುಂದಿನದನ್ನು 12ಕ್ಕೆ ಇಳಿಸಿದರೆ ಆ ಅನುಪಾತ 3.25 ಆಗುತ್ತದೆ. ಗಾಲಿಗೆ ಸಿಗುವ ಎಳೆತ ನೂರಕ್ಕೆ ಎಂಟರಷ್ಟು ಹೆಚ್ಚಿತು, ಹೆದ್ದಾರಿಯ ವೇಗ ಹೆಚ್ಚುಕಡಿಮೆ ಅಷ್ಟೇ ಕಡಿಮೆಯಾಯಿತು. ಎರೆಯಲ್ಲಿ ಹೂತ ಗಾಲಿಯನ್ನು ಕ್ಲಚ್ ಸುಡದೆ ಎತ್ತುವುದು ಆ ಎಂಟರ ಭಾಗ.

ಶಾಕಪ್ಪಿನ ಹದ ಇನ್ನೂ ಸೂಕ್ಷ್ಮ. ಇಬ್ಬರು ಬೇಕು, ಒಂದು ಟೇಪು ಬೇಕು. ಮೊದಲು ಹಿಂದಿನ ಗಾಲಿ ನೆಲ ಬಿಡುವಂತೆ ಬೈಕನ್ನು ಎತ್ತಿ, ಆಕ್ಸಲಿನಿಂದ ಸೀಟಿನ ಕೆಳಗಿನ ಒಂದು ಗುರುತಿಗೆ ಅಳೆಯುತ್ತಾರೆ. ಆಮೇಲೆ ಸವಾರ ಹೆಲ್ಮೆಟ್ಟು, ಬೂಟು, ಬ್ಯಾಗು ಸಮೇತ ಹತ್ತಿ ಕೂತಾಗ ಅದೇ ಎರಡು ಗುರುತುಗಳ ನಡುವೆ ಮತ್ತೆ ಅಳೆಯುತ್ತಾರೆ. ಎರಡು ಅಳತೆಗಳ ವ್ಯತ್ಯಾಸ ಶಾಕಪ್ಪಿನ ಒಟ್ಟು ಓಡಾಟದ ಮೂರನೇ ಒಂದರಷ್ಟಿರಬೇಕು. 170 ಮಿಲಿಮೀಟರ್ ಓಡಾಟವಿದ್ದರೆ ಸುಮಾರು 55. ಅದಕ್ಕಿಂತ ಹೆಚ್ಚು ಕುಸಿದರೆ ಸ್ಪ್ರಿಂಗಿನ ನಟ್ಟು ಬಿಗಿ ಮಾಡಬೇಕು. ಬಿಗಿ ಮಾಡಿಯೂ ಕುಸಿದರೆ ಸವಾರನ ತೂಕಕ್ಕೆ ತಕ್ಕ ಗಟ್ಟಿ ಸ್ಪ್ರಿಂಗೇ ಬೇಕು. ತೀರ ಗಟ್ಟಿಯಾದರೆ ತಾಂಡೂರಿನ ಚಪ್ಪಡಿ ಚೂರುಗಳ ಮೇಲೆ ಗಾಲಿ ಪುಟಿಯುತ್ತದೆ, ನೆಲ ಮುಟ್ಟುವುದೇ ಇಲ್ಲ. ನೆಲ ಮುಟ್ಟದ ಟೈರಿಗೆ ಬ್ರೇಕೂ ಇಲ್ಲ, ಎಳೆತವೂ ಇಲ್ಲ.

ತಪ್ಪು ದಾರಿಯ ಮಾರ್ಪಾಟುಗಳೂ ಇವೆ. ಅವುಗಳಲ್ಲಿ ಒಂದು ಏರ್ ಫಿಲ್ಟರಿನ ಡಬ್ಬಿ ತೆಗೆದು ಬರಿಯ ಕೋನ್ ಫಿಲ್ಟರ್ ಹಾಕುವುದು. ಗಾಳಿ ಹೆಚ್ಚು ಹೋಗುತ್ತದೆ ನಿಜ. ಪೆಟ್ರೋಲ್ ಅದಕ್ಕೆ ತಕ್ಕಷ್ಟು ಹೆಚ್ಚದಿದ್ದರೆ ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ. ಪ್ಲಗ್ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ: ತುದಿ ಕಾಫಿ ಬಣ್ಣಕ್ಕಿದ್ದರೆ ಹದ, ಕಪ್ಪಗಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗೆ ಸುಣ್ಣ ಬಳಿದಂತಿದ್ದರೆ ಅಪಾಯ. ಕಾರ್ಬೊರೇಟರ್ ಗಾಡಿಯಾದರೆ ದೊಡ್ಡ ಜೆಟ್ ಹಾಕಿ ಸರಿಪಡಿಸಬಹುದು. ದೂಳಿಗೆ ಮಾತ್ರ ಜೆಟ್ಟಿನಲ್ಲಿ ಪರಿಹಾರವಿಲ್ಲ. ಕಲ್ಲುಹಿಟ್ಟು ಫಿಲ್ಟರ್ ದಾಟಿ ಒಳಗೆ ಹೋದರೆ ಸಿಲಿಂಡರಿನ ಗೋಡೆಯನ್ನು ಉಪ್ಪುಕಾಗದದಂತೆ ತಿಕ್ಕುತ್ತದೆ. ಡಬ್ಬಿಯನ್ನು ಹಾಗೆಯೇ ಉಳಿಸಿ, ಫಿಲ್ಟರನ್ನು ಪದೇಪದೇ ಶುಚಿ ಮಾಡುವ ಸವಾರನ ಎಂಜಿನ್ ಹೆಚ್ಚು ಕಾಲ ಬಾಳುತ್ತದೆ.

ಕಾನೂನಿನ ಗೆರೆಯೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಗೆ ಅವಕಾಶ ಕೊಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಅಥವಾ ಎರಡೂ. ಎಂಜಿನ್ ಅದಲುಬದಲು, ಅಬ್ಬರದ ಸೈಲೆನ್ಸರ್ ಇವೆಲ್ಲ ಈ ಗೆರೆಯಾಚೆಗಿನವು. ಶಾಕಪ್ಪಿನ ಹದ, ಟೈರಿನ ಗಾಳಿ, ಲಿವರುಗಳ ಎತ್ತರ ಈಚೆಗಿನವು.

ಆಚೆಗಿನದನ್ನು ಈಚೆಗೆ ತರುವ ಕೆಲಸವನ್ನು ಕೊನೆಗೆ ಕಾರ್ಖಾನೆಗಳೇ ಮಾಡಿದವು. 2021ರಲ್ಲಿ ನಾಲ್ಕು ವಾಲ್ವಿನ ಎಕ್ಸ್‌ಪಲ್ಸ್ ಬಂತು. 2022ರಲ್ಲಿ ರ್‍ಯಾಲಿ ಕಿಟ್ಟಿನ ಭಾಗಗಳನ್ನು ಕಾರ್ಖಾನೆಯಲ್ಲೇ ಜೋಡಿಸಿದ ರ್‍ಯಾಲಿ ಆವೃತ್ತಿ, 2023ರಲ್ಲಿ ಅದೇ ಹಾದಿಯ ‘ಪ್ರೊ’. ಪ್ರೊದ ಶಾಕಪ್ಪಿನ ಓಡಾಟ 250 ಮತ್ತು 220. ಸೀಟಿನ ಎತ್ತರ 891 ಮಿಲಿಮೀಟರ್, ಅಂದರೆ ಸಾಧಾರಣ ಎತ್ತರದವರು ನಿಲ್ಲಿಸುವಾಗ ತುದಿಗಾಲಿನಲ್ಲಿ ನಿಲ್ಲಬೇಕು. 2016ರಲ್ಲಿ 411 ಸಿ.ಸಿ.ಯೊಂದಿಗೆ ಬಂದಿದ್ದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 2023ರಲ್ಲಿ 452 ಸಿ.ಸಿ.ಗೆ, 40 ಪಿಎಸ್‌ಗೆ ಬೆಳೆಯಿತು. 2025ರ ಎಕ್ಸ್‌ಪಲ್ಸ್ 210ರ ಶಕ್ತಿ 24.6 ಪಿಎಸ್. ಕರಿಜ್ಮಾ ಎಂಜಿನ್ನಿಗಾಗಿ ಚಾಸಿ ಕೊಯ್ದವರು ಕೇಳಿದ್ದ ಬಲ ಈಗ ಬಿಲ್ಲು, ವಾರಂಟಿ ಸಮೇತ ಶೋರೂಮಿನಲ್ಲಿ ಸಿಗುತ್ತದೆ.

ಆದರೂ ಒಂದು ಕೆಲಸ ಸವಾರನ ಕೈಯಲ್ಲೇ ಉಳಿದಿದೆ. ಅದಕ್ಕೆ ಬೇಕಾದದ್ದು ಒಂದು ಪ್ರೆಷರ್ ಗೇಜು, ಒಂದು ಕೈಪಂಪು. ಹೊಲದ ದಾರಿಗೆ ಇಳಿಯುವ ಮುಂಚೆ ಟೈರಿನ ಗಾಳಿಯನ್ನು ಇಪ್ಪತ್ತು ಪಿಎಸ್‌ಐ ಆಸುಪಾಸಿಗೆ ಇಳಿಸಿದರೆ ಟೈರು ಅಗಲವಾಗಿ ನೆಲವನ್ನು ಕಚ್ಚುತ್ತದೆ. ಇನ್ನೂ ಇಳಿಸಿದರೆ ತಾಂಡೂರಿನ ಕಲ್ಲಂಚಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಎರಡು ಕಡೆ ತೂತಾಗುತ್ತದೆ. ಸಂಜೆ ಜಹೀರಾಬಾದಿಗೆ ಬಂದು ಮುಂಬೈ–ಹೈದರಾಬಾದ್ ಕಡೆಯ ಲಾರಿಗಳು ಹಾಯುವ 65ನೇ ಹೆದ್ದಾರಿ ಸೇರುವ ಮುಂಚೆ, ರಸ್ತೆಯ ಬದಿಯಲ್ಲಿ ನಿಂತು, ಕಡ್ಡಿಚಕ್ರದ ಸಂದಿಯಲ್ಲಿ ಒಣಗಿದ ಎರೆಮಣ್ಣು ಉದುರುತ್ತಿರುವಾಗ, ಅದೇ ಟೈರಿಗೆ ಮತ್ತೆ ಗಾಳಿ ಹೊಡೆಯಬೇಕು. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವುದೂ ಇದೇ ಗಾಡಿಯಲ್ಲಿ.