ಮೋಟಾರ್ ಸೈಕಲ್ಲಿನ ಕವಚವೂ ಅದರ ಕೊಂಡಿಗಳೂ

ಇಳಕಲ್ಲ ಸೀರೆಯನ್ನು ಉಟ್ಟವರೆಲ್ಲರೂ ಅದರ ಕೊಂಡಿಯನ್ನು ಗಮನಿಸಿರಲಾರರು. ಆ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಇವೆರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುವ ಕೆಲಸಕ್ಕೆ ಅಲ್ಲಿಯ ನೇಕಾರರು ‘ಕೊಂಡಿ’ ಎನ್ನುವರು. ನೋಡುವವರ ಕಣ್ಣು ಸೆರಗಿನ ಬಣ್ಣದ ಮೇಲೆ. ಸೆರಗನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಆ ಕೊಂಡಿ. ಅದೇ ನೇಕಾರನ ಮನೆಯ ಕಟ್ಟೆಯ ಮುಂದೆ ನಿಂತ ಮೋಟಾರ್ ಸೈಕಲ್ಲಿಗೂ ಇಂಥ ಕೊಂಡಿಗಳಿರುವವು. ಆದರೆ ಅವು ಟಕ್ಕೆಂದು ಮುರಿಯುವ ತನಕ ಮನೆಯವರಿಗೆ ಅವುಗಳ ಪರಿಚಯವೇ ಆಗುವದಿಲ್ಲ.

ಹಿಂದಿನ ಮೋಟಾರ್ ಸೈಕಲ್ಲುಗಳು ಬರಿಯ ಕಬ್ಬಿಣದ ಎಲುಬುಗಳಾಗಿದ್ದವು. ಬಿಚ್ಚುವದಕ್ಕೆ ಪಾನಾ ಒಂದಿದ್ದರೆ ಸಾಕಾಗುತ್ತಿತ್ತು. 2003ರಲ್ಲಿ ಬಂದ ಕರಿಜ್ಮಾ ಅರೆಕವಚವನ್ನು ತೊಟ್ಟು ಬಂದಿತು. 2008ರಲ್ಲಿ ಬಂದ ಯಮಾಹಾ ಆರ್15 ಮೈತುಂಬ ಕವಚವನ್ನೇ ತೊಟ್ಟಿತು. ಗಾಳಿಯನ್ನು ಸೀಳಿಕೊಂಡು ಹೋಗಲೆಂದು ಮಾಡಿದ ಈ ಹೊದಿಕೆಗೆ ಫೇರಿಂಗ್ ಎಂದು ಹೆಸರು. ಗ್ಯಾರೇಜಿನವರು ಇದನ್ನು ‘ಫೈಬರ್’ ಎನ್ನುವರು; ಹೆಸರಿಗೆ ಫೈಬರಾದರೂ ಅದು ಪ್ಲಾಸ್ಟಿಕ್ಕೇ. ಕೊಂಡಿಗೆ ಅವರ ಮಾತಿನಲ್ಲಿ ‘ಲಾಕ್’. ಈಗ ಸ್ಕೂಟರುಗಳಿಗೂ ಬಹುಮಟ್ಟಿಗೆ ಇದೇ ಹೊದಿಕೆ.

ಕವಚವನ್ನು ಬಿಚ್ಚುವ ಪ್ರಸಂಗ ನಮ್ಮ ಸೀಮೆಯಲ್ಲಿ ಮೇಲಿಂದ ಮೇಲೆ ಬರುವದು. ಬಾದಾಮಿಯ ಕೆಂಪು ಮಣ್ಣು, ಇಳಕಲ್ಲಿನ ಕಲ್ಲುಗಣಿಗಳ ಧೂಳಿ ಇವು ಸಂದಿ ಸಂದಿಯಲ್ಲಿ ಸೇರಿಕೊಳ್ಳುವವು. ಕಾಳಿನ ಚೀಲಗಳಿರುವ ಮನೆಯಲ್ಲಿ ಇಲಿಗಳು ರಾತ್ರಿ ಬಂಡಿಯೊಳಗೆ ಹೊಕ್ಕು ತಂತಿಗಳನ್ನು ಕಡಿಯುವದೂ ಹೊಸತಲ್ಲ. ಮನೆಯ ಹುಡುಗನು ಸ್ಕ್ರೂಗಳನ್ನು ಬಿಚ್ಚಿ, ಇನ್ನೂ ಕವಚವು ಬಾರದಿರಲು ಬಲವಾಗಿ ಜಗ್ಗುವನು. ಬಂತು, ಆದರೆ ಕೊಂಡಿ ಹೋಯಿತು! ಕಿರುಬೆರಳಿನ ಉಗುರಿನಷ್ಟಿರುವ ಈ ತುಣುಕು ಅಂಗಡಿಯಲ್ಲಿ ಬಿಡಿಯಾಗಿ ಸಿಕ್ಕುವದಿಲ್ಲ. ಇಡಿಯ ಫಲಕವನ್ನೇ ಕೊಳ್ಳಬೇಕು. ಕೊಳ್ಳದೆ ಹಾಗೆಯೇ ಬಿಟ್ಟರೆ ಫಲಕವು ಅದುರಿ ಅದುರಿ ಉಳಿದ ಕೊಂಡಿಗಳನ್ನೂ ಸೀಳುವದು, ತಂತಿಯ ಮೇಲಿನ ಸಿಪ್ಪೆಯನ್ನು ತಿಕ್ಕಿ ತೆಗೆಯುವದು. ಸಡಿಲಾದ ತುದಿಯು ಹ್ಯಾಂಡಲಿಗೆ ಅಡ್ಡ ಬಂದರೆ ಹುನಗುಂದದ ಹೆದ್ದಾರಿಯಲ್ಲಿ ಅದು ಪ್ರಾಣದ ಮಾತು. ನೇಯ್ದ ಸೀರೆಯ ಗಂಟನ್ನೂ ಶಾಲೆಯ ಮಕ್ಕಳನ್ನೂ ಒಂದೇ ಬಂಡಿಯ ಮೇಲೆ ಒಯ್ಯುವ ಮನೆಗಳಲ್ಲಿ ಇದನ್ನು ಅಲ್ಪ ಸಂಗತಿಯೆಂದು ಬಿಡುವಂತಿಲ್ಲ.

ಕೊಂಡಿಯು ಏಕೆ ಮುರಿಯುವದು? ಫಲಕಗಳಲ್ಲಿ ಹೆಚ್ಚಿನವು ಎಬಿಎಸ್ ಎಂಬ ಪ್ಲಾಸ್ಟಿಕ್ಕಿನವು, ಕೆಲವು ಪಾಲಿಪ್ರೊಪಿಲೀನಿನವು. ಫಲಕದ ಒಳಮೈಯಲ್ಲಿ ಎಬಿಎಸ್ ಅಥವಾ ಪಿಪಿ ಎಂಬ ಇಂಗ್ಲಿಷ್ ಅಕ್ಷರಗಳು ಅಚ್ಚಾಗಿರುವದುಂಟು. ಪಿಪಿ ಬಾಗುವ ಗುಣದ್ದು. ಎಬಿಎಸ್ ಗಡುಸು, ಅದರ ಬುಡದ ಮೂಲೆಯಲ್ಲಿಯೇ ಎಳೆತವೆಲ್ಲ ಕೂಡಿಕೊಳ್ಳುವದು. ತಾನು ಜಾರುವ ದಿಕ್ಕಿಗೆ ಎಳೆದರೆ ಕೊಂಡಿಗೆ ಏನೂ ಆಗದು. ಅಡ್ಡ ಬಾಗಿಸಿದರೆ ಬುಡದಲ್ಲಿಯೇ ತುಂಡಾಗುವದು. ಇದಕ್ಕೆ ಬಾಗಲಕೋಟೆಯ ಬಿಸಿಲು ಬೇರೆ. ವರ್ಷಾನುಗಟ್ಟಲೆ ಬಿಸಿಲುಂಡ ಎಬಿಎಸ್ ತನ್ನ ಜಿಗುಟುತನವನ್ನು ಕಳೆದುಕೊಂಡು ಹಪ್ಪಳದಂತಾಗುವದು. ಆದುದರಿಂದ ಹೊಸ ಬಂಡಿಯಲ್ಲಿ ಸಾಗಿದ ಜಗ್ಗಾಟ ಹತ್ತು ವರ್ಷದ ಬಂಡಿಯಲ್ಲಿ ಸಾಗಲಾರದು. ಚಳಿಗಾಲದ ನಸುಕಿನಲ್ಲಿ ಈ ಕೆಲಸಕ್ಕೆ ಕೈ ಹಚ್ಚಲೇಬಾರದು. ಬಿಸಿಲೇರಿದ ಮೇಲೆ ಬಂಡಿಯನ್ನು ಅರ್ಧ ತಾಸು ಹೊರಗಿಟ್ಟು, ಇಲ್ಲವೆ ಬಿಸಿನೀರಿನಲ್ಲಿ ಹಿಂಡಿದ ಅರಿವೆಯನ್ನು ಕೊಂಡಿಯ ಜಾಗದ ಮೇಲೆ ಒತ್ತಿಟ್ಟು, ಪ್ಲಾಸ್ಟಿಕ್ಕು ಬೆಚ್ಚಗಾದ ಬಳಿಕ ಬಿಚ್ಚಬೇಕು. ಬೆಂಕಿಯನ್ನು ಮಾತ್ರ ಹತ್ತಿರ ತರಕೂಡದು.

ಬಿಚ್ಚುವಾಗ ದೊಡ್ಡ ಫಲಕಕ್ಕೆ ಮೊದಲು ಕೈಹಾಕುವದು ಎಲ್ಲರ ಚಾಳಿ. ಆದರೆ ಫಲಕಗಳು ಒಂದರ ಅಂಚಿನ ಕೆಳಗೆ ಒಂದು ಸೇರಿಕೊಂಡಿರುವವು. ಮೊದಲು ಸೀಟು, ಅನಂತರ ಪಕ್ಕದ ಚಿಕ್ಕ ಮುಚ್ಚಳ, ಆಮೇಲೆ ಟಾಕಿಯ ಬದಿಯ ತುಣುಕು, ಕೊನೆಗೆ ಮುಂದಿನ ದೊಡ್ಡ ಕವಚ. ಹೆಚ್ಚಿನ ಬಂಡಿಗಳಲ್ಲಿ ಇದೇ ಕ್ರಮ. ಕೈಪಿಡಿಯಿದ್ದರೆ ಅದರ ಮಾತೇ ಮೇಲು. ಎಲ್ಲ ಸ್ಕ್ರೂ ತೆಗೆದೂ ಫಲಕವು ಅಲುಗದಿದ್ದರೆ ಅದನ್ನು ಹಟಮಾರಿಯೆಂದು ಬಯ್ಯಬೇಡಿರಿ. ಎಲ್ಲಿಯೋ ಒಂದು ಸ್ಕ್ರೂ ಉಳಿದಿದೆಯೆಂದೇ ತಿಳಿಯಿರಿ. ಅದು ಕೆಳಹೊಟ್ಟೆಯಲ್ಲಿ, ಸೀಟಿನ ಅಡಿಯಲ್ಲಿ ಅಥವಾ ಕೆಸರಿನಿಂದ ಮುಚ್ಚಿಹೋದ ತೂತಿನಲ್ಲಿ ಸಿಕ್ಕುವದು.

ಇನ್ನು ಕೊಂಡಿಗಳ ಬಗೆ. ಪಕ್ಕದ ಮುಚ್ಚಳಗಳಲ್ಲಿ ಗೂಟದಂಥ ಮೊಳೆಗಳು ರಬ್ಬರಿನ ಬುಷ್‌ಗಳಲ್ಲಿ ಕುಳಿತಿರುವವು. ಇವನ್ನು ಫಲಕದ ತುದಿ ಹಿಡಿದು ಎಬ್ಬಿಸದೆ, ಗೂಟದ ಪಕ್ಕದಲ್ಲಿಯೇ ಬೆರಳಿಟ್ಟು, ಒಂದೊಂದಾಗಿ ನೆಟ್ಟಗೆ ಹೊರಗೆ ಎಳೆಯಬೇಕು. ಒಣಗಿ ಅಂಟಿದ್ದರೆ ಸಾಬೂನಿನ ನೀರು ಬಿಡಬಹುದು. ಇಂಜಿನಿನ ಎಣ್ಣೆ ಬಿಟ್ಟರೆ ರಬ್ಬರು ಉಬ್ಬಿ ಕೆಡುವದು. ಜಾರುವ ಕೊಂಡಿಗಳ ಬಗೆ ಬೇರೆ. ಇವು ಸೀಳಿನೊಳಗೆ ಹೊಕ್ಕು ಒಂದೇ ದಿಕ್ಕಿಗೆ ಮುಖ ಮಾಡಿರುವವು. ಫಲಕವನ್ನು ಅಂಗೈಯಿಂದ ಮುಂದಕ್ಕೋ ಹಿಂದಕ್ಕೋ ಬೆರಳಗಲದಷ್ಟು ಸರಿಸಿದರೆ ತಾವೇ ಬಿಡುವವು. ದಿಕ್ಕು ತಿಳಿಯದಿದ್ದರೆ ಮೊಬೈಲಿನ ದೀಪವನ್ನು ಸಂದಿಯಲ್ಲಿ ಬಿಟ್ಟು ನೋಡಿರಿ. ಸ್ಕ್ರೂಡ್ರೈವರಿನ ತುದಿಯಿಂದ ಮೀಟುವದು ಬೇಡ. ಹಳೆಯ ಪ್ಲಾಸ್ಟಿಕ್ ಕಾರ್ಡಿಗೆ ಅರಿವೆ ಸುತ್ತಿದರೆ ಒಳ್ಳೆಯ ಮೀಟುಗೋಲಾಗುವದು.

ಕರಿಯ ಗುಂಡಿಯಂಥ ಪಿನ್ನುಗಳಲ್ಲಿ ಅನೇಕರು ಮೋಸಹೋಗುವರು. ಕೆಲವುಗಳ ನಡುಗಡ್ಡಿಯನ್ನು ಹಗುರಾಗಿ ಒಳಕ್ಕೆ ಒತ್ತಬೇಕು. ಚಿಟಕ್ಕೆಂದಾಗ ಇಡಿಯ ಪಿನ್ನು ಹೊರಬರುವದು. ಕೆಲವುಗಳ ನಡುಗಡ್ಡಿಯನ್ನು ಮೇಲಕ್ಕೆ ಎಬ್ಬಿಸಬೇಕು. ಒತ್ತುವ ಜಾತಿಯದನ್ನು ಮರಳಿ ಹಾಕುವಾಗ ಮೊದಲು ಗಡ್ಡಿಯನ್ನು ಹೊರಕ್ಕೆ ಚಾಚಿಸಿಕೊಂಡು, ತೂತಿನಲ್ಲಿಟ್ಟ ಮೇಲೆ ಸಮನಾಗಿ ಒತ್ತಬೇಕು.

ಕವಚವು ಸಡಿಲಾದ ಕೂಡಲೆ ಎಳೆದೊಯ್ಯದೆ ಮತ್ತೊಬ್ಬರ ಕೈಗೆ ಕೊಟ್ಟು ಹಿಡಿಸಿರಿ. ಇಂಡಿಕೇಟರಿನ ತಂತಿ ಇನ್ನೂ ಒಳಗೆ ಸಿಕ್ಕಿರುವದು. ಸ್ಕ್ರೂಗಳು ಒಂದೇ ಉದ್ದದವಲ್ಲ. ರಟ್ಟಿನ ಮೇಲೆ ಬಂಡಿಯ ಆಕಾರ ಬರೆದು, ತೆಗೆದ ಜಾಗದಲ್ಲಿಯೇ ಒಂದೊಂದನ್ನು ಚುಚ್ಚಿಡುವದು ಒಳ್ಳೆಯದು. ಮನೆಯ ಹೆಣ್ಣುಮಕ್ಕಳು ಈ ಕೆಲಸವನ್ನು ಗಂಡಸರಿಗಿಂತ ಚೊಕ್ಕಟವಾಗಿ ಮಾಡುವರೆಂಬುದು ನಮ್ಮ ಅಭಿಪ್ರಾಯ. ಒಳಮೈಯನ್ನು ಸಾಬೂನು ನೀರಿನಿಂದ ತೊಳೆಯಿರಿ. ಪೆಟ್ರೋಲಿನಿಂದ ಒರೆಸುವ ರೂಢಿ ಕೆಟ್ಟದ್ದು. ಬಿಗಿತದಲ್ಲಿರುವ ಎಬಿಎಸ್ಸಿಗೆ ಅದು ತಾಗಿದರೆ ಕೂದಲೆಳೆಯ ಬಿರುಕುಗಳು ಏಳುವವು.

ಕೊಂಡಿಯು ಮುರಿದೇಹೋದರೆ ತುಣುಕನ್ನು ಎಸೆಯಬೇಡಿರಿ. ಎಬಿಎಸ್ಸಾದರೆ ಅದೇ ಜಾತಿಯ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿ, ಅಂಟಿನಂತಾದ ಮೇಲೆ ಎರಡೂ ಮೈಗೆ ಸವರಿ ಕೂಡಿಸಿ, ಒಂದು ದಿನ ಮುಟ್ಟದೆ ಬಿಡಬೇಕು. ಅಸಿಟೋನು ಬೇಗ ಬೆಂಕಿ ಹಿಡಿಯುವ ದ್ರವ. ಒಲೆಯಿಂದಲೂ ಮಕ್ಕಳಿಂದಲೂ ದೂರ, ಬಯಲು ಗಾಳಿಯಲ್ಲಿ ಬಳಸತಕ್ಕದ್ದು. ಪಿಪಿಯು ಇದಕ್ಕೆ ಕರಗದು; ಅದಕ್ಕೆ ಕಾಸಿದ ತಂತಿಯ ತುಣುಕುಗಳನ್ನು ಒಳಮೈಯಲ್ಲಿ ಹೂಳಿ ಬೆಸೆಯುವ ಪ್ಲಾಸ್ಟಿಕ್ ವೆಲ್ಡಿಂಗಿನವರೇ ಬೇಕು.

ಮರಳಿ ತೊಡಿಸುವಾಗ ಮೊದಲು ಕೊಂಡಿಗಳೆಲ್ಲವೂ ತಮ್ಮ ಸೀಳುಗಳಲ್ಲಿ ಕೂತಿರಬೇಕು. ಅನಂತರ ಎಲ್ಲ ಸ್ಕ್ರೂಗಳನ್ನು ಎರಡೆರಡು ಸುತ್ತು ಹಿಡಿಸಿ, ಆಮೇಲೆಯೇ ಬಿಗಿಯಬೇಕು. ಅದೂ ಬೆರಳಿನ ಬಲದಿಂದ, ತೋಳಿನಿಂದಲ್ಲ. ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ಎಲ್ಲಿಯೂ ತಾಗದೆಂದು ನೋಡಿರಿ, ದೀಪಗಳನ್ನು ಹಚ್ಚಿ ನೋಡಿರಿ. ಬಾಗಲಕೋಟೆಯಿಂದ ಬಾದಾಮಿಯ ವರೆಗೆ ಒಮ್ಮೆ ಹೋಗಿ ಬಂದ ಮೇಲೆ ಸ್ಕ್ರೂಗಳನ್ನು ಮತ್ತೊಂದು ಸಲ ಮುಟ್ಟಿ ನೋಡಬೇಕು.