ಯಾವ ಕಾಲಂ ಯಾವ ಫೀಲ್ಡಿಗೆ? ಗ್ರಾಹಕರ ಪಟ್ಟಿಯ ಹೊಂದಿಕೆ, ಒಂದು ಗಣಿತ ಪಾಠವಾಗಿ

ಕಿರಾಣಿ ಅಂಗಡಿಯೊಂದರ ಉದ್ರಿ ಪುಸ್ತಕವನ್ನು ಎಕ್ಸೆಲ್ ಹಾಳೆಗೆ ಇಳಿಸಲಾಗಿದೆ ಎಂದುಕೊಳ್ಳೋಣ. ಹಾಳೆಯಲ್ಲಿ ಆರು ಕಾಲಂಗಳಿವೆ: ಹೆಸರು, ವಿಳಾಸ, ಫೋನ್, ಬಾಕಿ, ದಿನಾಂಕ, ಷರಾ. ಈಗ ಅಂಗಡಿಯವರು ಬಿಲ್ಲಿಂಗ್ ತಂತ್ರಾಂಶವೊಂದನ್ನು ಕೊಂಡಿದ್ದಾರೆ. ಅದು ಗ್ರಾಹಕರ ವಿವರಗಳನ್ನು ಬೇರೆಯದೇ ರೀತಿಯಲ್ಲಿ ಕೇಳುತ್ತದೆ: ಗ್ರಾಹಕ ಸಂಖ್ಯೆ, ಫಸ್ಟ್ ನೇಮ್, ಲಾಸ್ಟ್ ನೇಮ್, ಮೊಬೈಲ್, ವಾಟ್ಸಾಪ್ ನಂಬರ್, ಮನೆ ವಿಳಾಸ, ಊರು, ಪಿನ್‌ಕೋಡ್, ಆರಂಭಿಕ ಶಿಲ್ಕು, ಖಾತೆ ತೆರೆದ ದಿನಾಂಕ. ಹಾಳೆಯ ಯಾವ ಕಾಲಮ್ಮಿನಲ್ಲಿರುವುದು ತಂತ್ರಾಂಶದ ಯಾವ ಫೀಲ್ಡಿಗೆ ಹೋಗಬೇಕು ಎಂದು ಮೊದಲೇ ಗೊತ್ತುಮಾಡಿ ತಿಳಿಸುವ ಕೆಲಸಕ್ಕೆ ಫೀಲ್ಡ್ ಮ್ಯಾಪಿಂಗ್ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ಹೊಂದಿಕೆ ಎಂದು ಕರೆದಿದ್ದೇನೆ.

ಕಂಪ್ಯೂಟರ್ ತರಬೇತಿಗಳಲ್ಲಿ ಇದಕ್ಕೆ ಸಿಗುವುದು ಎರಡು ನಿಮಿಷ. ಫೈಲ್ ಆರಿಸಿ, ತಂತ್ರಾಂಶ ತೋರಿಸಿದ ಹೊಂದಿಕೆಯನ್ನು ಒಪ್ಪಿ, ಮುಂದೆ, ಮುಂದೆ, ಮುಗಿಯಿತು. ಹಾಗೆ ಹೇಳಿಕೊಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ತಂತ್ರಾಂಶವು ಕಾಲಮ್ಮಿನ ತಲೆಬರಹವನ್ನು ನೋಡಿ ಊಹಿಸುತ್ತದೆಯೇ ಹೊರತು ಒಳಗಿರುವುದರ ಅರ್ಥವನ್ನು ತಿಳಿದಿರುವುದಿಲ್ಲ. ನಮ್ಮ ಹಾಳೆಯಲ್ಲಿ ‘ದಿನಾಂಕ’ ಎಂದರೆ ಗ್ರಾಹಕರು ಕೊನೆಯ ಸಲ ಹಣ ಕೊಟ್ಟ ದಿನ. ತಂತ್ರಾಂಶದಲ್ಲಿ ದಿನಾಂಕವೆಂಬ ಮಾತು ಇರುವುದು ‘ಖಾತೆ ತೆರೆದ ದಿನಾಂಕ’ದಲ್ಲಿ ಮಾತ್ರ. ಎರಡನ್ನೂ ಜೋಡಿಸಿಬಿಟ್ಟರೆ ಇಪ್ಪತ್ತು ವರ್ಷದ ಹಳೆಯ ಗಿರಾಕಿ ಕಳೆದ ತಿಂಗಳು ಬಂದ ಹೊಸಬರಾಗುತ್ತಾರೆ. ಪರದೆಯ ಮೇಲೆ ಕೆಂಪಕ್ಷರದ ಎಚ್ಚರಿಕೆಯೇನೂ ಬರುವುದಿಲ್ಲ. ಎಲ್ಲ ದಾಖಲೆಗಳೂ ಯಶಸ್ವಿಯಾಗಿ ಸೇರಿವೆ ಎಂದೇ ಬರುತ್ತದೆ.

ಪಾಠಾಭ್ಯಾಸದ ಅವಧಿಯಲ್ಲಿ ಒಂಬತ್ತನೆಯ ತರಗತಿಗೆ ಇದನ್ನೇ ಒಂದು ಚಟುವಟಿಕೆಯಾಗಿ ಮಾಡಿಸಿದೆ. ಬೇಕಾದದ್ದು ಕಪ್ಪುಹಲಗೆ ಮತ್ತು ಸೀಮೆಸುಣ್ಣ ಮಾತ್ರ, ಕಂಪ್ಯೂಟರ್ ಬೇಕಾಗಲಿಲ್ಲ. ಎಡಗಡೆ ಹಾಳೆಯ ಆರು ಕಾಲಂ, ಬಲಗಡೆ ತಂತ್ರಾಂಶದ ಹತ್ತು ಫೀಲ್ಡ್. ಮಕ್ಕಳು ಬಾಣ ಎಳೆಯಬೇಕು.

ಬಾಣ ಎತ್ತಲಿಂದ ಎತ್ತ?

ಹೇಳಿಕೊಡದಿದ್ದರೂ ಎಲ್ಲ ಮಕ್ಕಳೂ ಬಾಣವನ್ನು ಎಡದಿಂದ ಬಲಕ್ಕೆ, ಎಂದರೆ ಹಾಳೆಯಿಂದ ತಂತ್ರಾಂಶಕ್ಕೆ ಎಳೆಯುತ್ತಾರೆ. ದತ್ತಾಂಶ ಹರಿಯುವುದು ಹಾಗೆಯೇ ಅಲ್ಲವೇ? ಆದರೆ ಬೇಗನೆ ತೊಡಕಾಗುತ್ತದೆ. ‘ಹೆಸರು’ ಎಂಬ ಒಂದೇ ಕಾಲಮ್ಮಿನಿಂದ ಎರಡು ಬಾಣ ಹೊರಡುತ್ತವೆ, ‘ವಿಳಾಸ’ದಿಂದ ಮೂರು, ‘ಫೋನ್’ನಿಂದ ಮತ್ತೆ ಎರಡು. ‘ಷರಾ’ದಿಂದ ಒಂದೂ ಇಲ್ಲ. ಪ್ರಥಮ ಪಿಯುಸಿಯ ಸಂಬಂಧಗಳು ಮತ್ತು ಫಂಕ್ಷನ್‌ಗಳು ಅಧ್ಯಾಯವನ್ನು ಓದಿದವರಿಗೆ ಇದು ಫಂಕ್ಷನ್ ಅಲ್ಲವೆಂದು ನೋಡಿದೊಡನೆ ತಿಳಿಯುತ್ತದೆ. ಮೊದಲ ಗಣದ ಪ್ರತಿ ಅಂಶಕ್ಕೂ ಒಂದು, ಒಂದೇ ಒಂದು ಪ್ರತಿಬಿಂಬ ಇರಬೇಕು.

ಬಾಣವನ್ನು ತಿರುಗಿಸಿ ನೋಡಿ. ತಂತ್ರಾಂಶದ ಪ್ರತಿಯೊಂದು ಫೀಲ್ಡಿನ ಮುಂದೆ ನಿಂತು ‘ನಿನಗೆ ಬೇಕಾದದ್ದು ಎಲ್ಲಿಂದ ಬರಬೇಕು?’ ಎಂದು ಕೇಳಿ. ಮೊಬೈಲ್‌ಗೆ ಫೋನ್ ಕಾಲಮ್ಮಿನಿಂದ. ವಾಟ್ಸಾಪ್‌ಗೂ ಅಲ್ಲಿಂದಲೇ. ಎರಡು ಬಾಣ ಬಂದು ಒಂದೇ ಕಡೆ ಸೇರಿದರೆ ತೊಂದರೆಯಿಲ್ಲ. ಅದು ಹಲವಕ್ಕೊಂದು ಫಂಕ್ಷನ್. ‘ಷರಾ’ ಯಾರಿಗೂ ಬೇಡವಾಗಿ ಉಳಿದರೂ ಪರವಾಗಿಲ್ಲ; ಫಂಕ್ಷನ್ ಮೇಲ್ವ್ಯಾಪ್ತಿಯಾಗಿರಬೇಕೆಂಬ ನಿಯಮವಿಲ್ಲ. ಆದರೆ ಒಂದೇ ಫೀಲ್ಡಿಗೆ ಎರಡು ಕಾಲಂಗಳು ತುಂಬುವಂತಿಲ್ಲ. ಕಡ್ಡಾಯವಾದ ಯಾವ ಫೀಲ್ಡೂ ಬರಿದಾಗಿ ಉಳಿಯುವಂತಿಲ್ಲ. ಹೀಗೆ ಬರೆದ ಪಟ್ಟಿಯಲ್ಲಿ ‘ಗ್ರಾಹಕ ಸಂಖ್ಯೆ’ಯ ಮುಂದೆ ಏನೂ ಇಲ್ಲದಿರುವುದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಮೊದಲಿನ ಚಿತ್ರದಲ್ಲಿ ಅದು ಯಾರಿಗೂ ಕಂಡಿರಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಫಂಕ್ಷನ್ ಎಂಬ ಪದವನ್ನು ಎತ್ತದೆಯೇ ಇಷ್ಟನ್ನು ಮಾಡಿಸಬಹುದು. ಹರಿಯುವ ದಿಕ್ಕು ಒಂದು, ಪ್ರಶ್ನೆ ಕೇಳುವ ದಿಕ್ಕು ಇನ್ನೊಂದು ಎಂಬುದು ಮಕ್ಕಳಿಗೆ ಅರ್ಥವಾದರೆ ಸಾಕು.

ಹೆಸರಿನ ತೊಡಕು

ಹೆಚ್ಚು ಹೊತ್ತು ಹಿಡಿದದ್ದು ಹೆಸರು. ಫಸ್ಟ್ ನೇಮ್, ಲಾಸ್ಟ್ ನೇಮ್ ಎಂಬ ವಿಂಗಡಣೆ ನಮ್ಮ ಕಡೆಯ ಹೆಸರುಗಳನ್ನು ನೋಡಿ ಮಾಡಿದ್ದಲ್ಲ. ಹಲಗೆಯ ಮೇಲೆ ಎರಡು ಹೆಸರು ಬರೆದೆ: ಕೆ. ವಿ. ಪುಟ್ಟಪ್ಪ, ದ. ರಾ. ಬೇಂದ್ರೆ. ನೋಡಲು ಎರಡೂ ಒಂದೇ ರೂಪ, ಎರಡು ಇನಿಷಿಯಲ್ ಮತ್ತು ಒಂದು ಪೂರ್ಣ ಪದ. ಮೊದಲನೆಯದು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಊರು, ತಂದೆ, ಆಮೇಲೆ ಸ್ವಂತ ಹೆಸರು. ಎರಡನೆಯದು ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಸ್ವಂತ ಹೆಸರು, ತಂದೆ, ಆಮೇಲೆ ಮನೆತನ. ಹಳೆಯ ಮೈಸೂರಿನ ಪದ್ಧತಿಯಲ್ಲಿ ಸ್ವಂತ ಹೆಸರು ಕೊನೆಯಲ್ಲಿದೆ, ಧಾರವಾಡದ ಕಡೆಯ ಪದ್ಧತಿಯಲ್ಲಿ ಮೊದಲಲ್ಲಿದೆ. ‘ಮೊದಲ ಖಾಲಿ ಜಾಗದಲ್ಲಿ ಕತ್ತರಿಸು’ ಎಂಬ ನಿಯಮ ಕೊಟ್ಟರೆ ಇಬ್ಬರ ಫಸ್ಟ್ ನೇಮೂ ಒಂದೊಂದು ಅಕ್ಷರವಾಗುತ್ತದೆ, ಮೊಬೈಲಿಗೆ ‘ಪ್ರಿಯ ಕೆ., ನಿಮ್ಮ ಬಾಕಿ ಇಷ್ಟಿದೆ’ ಎಂಬ ಸಂದೇಶ ಹೋಗುತ್ತದೆ. ‘ಕೊನೆಯ ಪದವೇ ಲಾಸ್ಟ್ ನೇಮ್’ ಎಂದರೆ ಬೇಂದ್ರೆಯವರಿಗೆ ಸರಿಹೋಗುತ್ತದೆ, ಪುಟ್ಟಪ್ಪನವರ ಸ್ವಂತ ಹೆಸರು ಮನೆತನವಾಗಿಬಿಡುತ್ತದೆ.

ಅಕ್ಷರಗಳ ಸ್ಥಾನ ನೋಡಿ ಇದನ್ನು ಬಿಡಿಸುವ ಸೂತ್ರವೇ ಇಲ್ಲ. ಆ ವ್ಯಕ್ತಿಯನ್ನು ಬಲ್ಲವರು ಬೇಕು, ಇಲ್ಲವೇ ಒಡೆಯದೆ ಬಿಡಬೇಕು. ಪೂರ್ತಿ ಹೆಸರನ್ನು ಫಸ್ಟ್ ನೇಮ್‌ಗೆ ಹಾಕಿ, ಲಾಸ್ಟ್ ನೇಮ್ ಕಡ್ಡಾಯವಲ್ಲದಿದ್ದರೆ ಖಾಲಿ ಬಿಡುವುದು ಒಳ್ಳೆಯದೆಂದು ನನಗೆ ತೋರುತ್ತದೆ. ಒಡೆದದ್ದನ್ನು ಮತ್ತೆ ಜೋಡಿಸುವುದು ಕಷ್ಟ, ಜೋಡಿಯಾಗಿರುವುದನ್ನು ಎಂದಾದರೂ ಒಡೆಯಬಹುದು. ಇದು ಅಂಗಡಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ನಾವು ನಾಳೆ ಶಾಲೆಗೆ ಹೋದಾಗ ದಾಖಲಾತಿ ಪುಸ್ತಕದಿಂದ ಮಕ್ಕಳ ವಿವರಗಳನ್ನು ಆನ್‌ಲೈನ್ ನಮೂನೆಗಳಿಗೆ ತುಂಬುವ ಕೆಲಸ ನಮ್ಮ ಪಾಲಿಗೂ ಬರುತ್ತದೆ. ಅಲ್ಲಿ ಹೆಸರು ತಿರುಗುಮುರುಗಾದರೆ ಜನನ ಪ್ರಮಾಣಪತ್ರದಲ್ಲಿ ಒಂದು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಆಗಿ, ಅಲೆಯುವುದು ಮಗುವಿನ ಮನೆಯವರ ಪಾಲಿಗೆ ಉಳಿಯುತ್ತದೆ.

ಅಂಕಿಯಂತೆ ಕಾಣುವುದೆಲ್ಲ ಸಂಖ್ಯೆಯಲ್ಲ

ಫೋನ್ ನಂಬರನ್ನು ಯಾರೂ ಕೂಡಿಸುವುದಿಲ್ಲ, ಗುಣಿಸುವುದಿಲ್ಲ. ಅದು ಅಂಕಿಗಳಲ್ಲಿ ಬರೆದ ಹೆಸರು. ಎಕ್ಸೆಲ್‌ಗೆ ಇದು ತಿಳಿಯದು. ಮೈಸೂರಿನ ಸ್ಥಿರ ದೂರವಾಣಿಯ 0821 ಅನ್ನು ಸಂಖ್ಯೆಯೆಂದು ಭಾವಿಸಿ 821 ಮಾಡುತ್ತದೆ. ಮೊಬೈಲ್ ನಂಬರಿನ ಹಿಂದೆ 91 ಸೇರಿಸಿದರೆ ಒಟ್ಟು 12 ಅಂಕಿ. ಸಾಮಾನ್ಯ ರೂಪದ ಕಾಲಮ್ಮಿನಲ್ಲಿ 12 ಅಂಕಿಗಳಾದೊಡನೆ ಎಕ್ಸೆಲ್ ಅದನ್ನು ವಿಜ್ಞಾನದ ಪಾಠದಲ್ಲಿ ನಾವು ಬರೆಯುವ ಹತ್ತರ ಘಾತದ ರೂಪದಲ್ಲಿ ತೋರಿಸುತ್ತದೆ. ಆ ಸ್ಥಿತಿಯಲ್ಲೇ ಸಿಎಸ್‌ವಿ ಫೈಲಾಗಿ ಉಳಿಸಿದರೆ ಕೊನೆಯ ಅಂಕಿಗಳು ಹೋದವೆಂದೇ ಲೆಕ್ಕ. ಆಮೇಲೆ ಯಾವ ಹೊಂದಿಕೆಯೂ ಅವುಗಳನ್ನು ಮರಳಿ ತರಲಾರದು. ಫೋನ್, ಪಿನ್‌ಕೋಡ್ ಮುಂತಾದ ಕಾಲಂಗಳನ್ನು ಪಟ್ಟಿ ತುಂಬುವ ಮೊದಲೇ ‘ಟೆಕ್ಸ್ಟ್’ ಎಂದು ಗೊತ್ತುಪಡಿಸಬೇಕು.

ಈ ಬಗೆಯ ತಾನೇತಾನಾದ ಬದಲಾವಣೆ ಎಷ್ಟು ದೂರ ಹೋಗಿದೆಯೆಂದರೆ, ಮಾನವ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ 2020ರಲ್ಲಿ ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಿತು. ‘ಮಾರ್ಚ್1’ ಎಂದು ಬರೆದ ಜೀನನ್ನು ಎಕ್ಸೆಲ್ ಮಾರ್ಚ್ ತಿಂಗಳ ಒಂದನೇ ತಾರೀಖು ಮಾಡಿಬಿಡುತ್ತಿತ್ತು. ಈಗ ಅದು ‘ಮಾರ್ಚ್‌ಎಫ್1’. ಜೀವಶಾಸ್ತ್ರ ಬೋಧನೆಯವರಿಗೆ ಇದು ಒಳ್ಳೆಯ ಉದಾಹರಣೆಯಾದೀತು.

ದಿನಾಂಕದ್ದು ಇನ್ನೂ ನಯವಾದ ಮೋಸ. 03/04/2024 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದ ಪದ್ಧತಿಗೆ ಹೊಂದಿಸಿಟ್ಟ ತಂತ್ರಾಂಶಕ್ಕೆ ಮಾರ್ಚ್ 4. ವರ್ಷದಲ್ಲಿ ಎಷ್ಟು ದಿನಾಂಕಗಳು ಹೀಗೆ ಸದ್ದಿಲ್ಲದೆ ತಪ್ಪಾಗುತ್ತವೆ ಎಂಬ ಲೆಕ್ಕವನ್ನು ತರಗತಿಗೆ ಕೊಟ್ಟೆ. ಪ್ರತಿ ತಿಂಗಳ ಮೊದಲ 12 ದಿನಗಳನ್ನು ಎರಡೂ ರೀತಿ ಓದಬಹುದು, ಒಟ್ಟು 144. ಅದರಲ್ಲಿ 1/1, 2/2 ಹೀಗೆ 12 ದಿನಗಳು ಹೇಗೆ ಓದಿದರೂ ಒಂದೇ. ಉಳಿದವು 132. ಸಾಧಾರಣ ವರ್ಷದ ಇನ್ನುಳಿದ 221 ದಿನಗಳಲ್ಲಿ ‘ತಿಂಗಳು’ 12ನ್ನು ಮೀರುವುದರಿಂದ ತಂತ್ರಾಂಶ ತಕರಾರು ತೆಗೆಯುತ್ತದೆ ಅಥವಾ ದಿನಾಂಕವೆಂದು ಒಪ್ಪದೆ ಬಿಡುತ್ತದೆ. ‘ಹಾಗಾದರೆ ತಕರಾರು ಬಂದ ಸಾಲನ್ನು ಸರಿಮಾಡಿದರೆ ಸಾಲದಲ್ಲ, ಬಾರದಿರುವುದನ್ನೂ ನೋಡಬೇಕಲ್ಲ’ ಎಂದ ಹಿಂದಿನ ಬೆಂಚಿನ ಹುಡುಗ. ಪಾಠಯೋಜನೆಯಲ್ಲಿ ಆ ವಾಕ್ಯವನ್ನು ನಾನು ಹೇಳಬೇಕೆಂದು ಬರೆದುಕೊಂಡಿದ್ದೆ, ಬೇಕಾಗಲಿಲ್ಲ.

ಅಲ್ಪವಿರಾಮದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಸಿಎಸ್‌ವಿ ಫೈಲಿನಲ್ಲಿ ಒಂದು ಕಾಲಂ ಮುಗಿದು ಇನ್ನೊಂದು ಶುರುವಾಯಿತೆಂದು ತಿಳಿಸುವುದೇ ಅಲ್ಪವಿರಾಮ. ಬಾಕಿಯನ್ನು 1,250 ಎಂದು ಬರೆದು ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ, ಬಾಕಿ 1 ರೂಪಾಯಿ ಆಗಿ 250 ಪಕ್ಕದ ಕಾಲಮ್ಮಿಗೆ ಜಾರುತ್ತದೆ, ಅಲ್ಲಿಂದ ಮುಂದೆ ಆ ಸಾಲೆಲ್ಲ ಒಂದೊಂದು ಮನೆ ಸರಿಯುತ್ತದೆ. ಇನ್ನು ಕನ್ನಡದ ಪಟ್ಟಿ ಹಳೆಯ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು, ಆಮೇಲೆ ಸಿಎಸ್‌ವಿಯನ್ನು ಯುಟಿಎಫ್-8 ರೂಪದಲ್ಲಿ ಉಳಿಸಬೇಕು. ಇಲ್ಲದಿದ್ದರೆ ಹೆಸರುಗಳ ಜಾಗದಲ್ಲಿ ಚಿಹ್ನೆಗಳ ರಾಶಿ ಬರುತ್ತದೆ. ಈ ತಪ್ಪು ಕಣ್ಣಿಗೆ ರಾಚುತ್ತದೆ, ಹಾಗಾಗಿ ಇದು ಅಷ್ಟು ಅಪಾಯಕಾರಿಯಲ್ಲ.

ಯಾರು ಯಾರೆಂದು ಗುರುತಿಸುವುದು

ಹೊಂದಿಕೆಯ ಜೊತೆಗೆ ತಂತ್ರಾಂಶ ಇನ್ನೊಂದು ಪ್ರಶ್ನೆ ಕೇಳುತ್ತದೆ: ಒಂದು ಸಾಲು ಹೊಸ ಗ್ರಾಹಕರದೋ ಈಗಾಗಲೇ ಇರುವವರದೋ ಎಂದು ಯಾವ ಫೀಲ್ಡ್ ನೋಡಿ ತೀರ್ಮಾನಿಸಲಿ? ಹೆಸರೆಂದರೆ ಒಂದೇ ಬೀದಿಯ ಇಬ್ಬರು ಮಂಜುನಾಥರು ಒಬ್ಬರಾಗುತ್ತಾರೆ. ಫೋನ್ ಎಂದರೆ ಮಗನ ನಂಬರನ್ನು ಕೊಟ್ಟಿರುವ ತಾಯಿ, ಅದೇ ಮಗ ಇಬ್ಬರೂ ಒಂದೇ ಖಾತೆಯಾಗಿ, ನಂತರದ ಸಾಲು ಹಿಂದಿನದನ್ನು ಅಳಿಸಿ ಕುಳಿತುಕೊಳ್ಳುತ್ತದೆ. ಅದಕ್ಕೇ ಗ್ರಾಹಕ ಸಂಖ್ಯೆ ಎಂಬ ಫೀಲ್ಡ್ ಇರುವುದು. ಹಾಳೆಯಲ್ಲಿ ಅದು ಇಲ್ಲದಿದ್ದರೆ ಒಂದು ಕಾಲಂ ಸೇರಿಸಿ, ಪ್ರತಿ ಖಾತೆಗೂ ಒಂದು ಸಂಖ್ಯೆ ಕೊಟ್ಟು, ಅದನ್ನು ಮತ್ತೆಂದೂ ಬೇರೆಯವರಿಗೆ ಕೊಡಬಾರದು. ಶಾಲೆಯ ದಾಖಲಾತಿ ಸಂಖ್ಯೆ ಮಾಡುವ ಕೆಲಸವೇ ಇದು ಎಂದರೆ ಮಕ್ಕಳಿಗೆ ಬೇಗ ತಿಳಿಯುತ್ತದೆ. ಹಾಜರಿ ಪುಸ್ತಕದ ಕ್ರಮಸಂಖ್ಯೆ ಪ್ರತಿ ವರ್ಷ ಬದಲಾಗುತ್ತದೆ, ದಾಖಲಾತಿ ಸಂಖ್ಯೆ ಬದಲಾಗದು.

ಬಾಕಿಯ ಕಾಲಮ್ಮಿನಲ್ಲೂ ಅರ್ಥದ ಪ್ರಶ್ನೆಯೇ. ಯಾರು ಯಾರಿಗೆ ಕೊಡಬೇಕು? ಮುಂಗಡ ಕೊಟ್ಟಿರುವ ಗಿರಾಕಿಯ ಮೊತ್ತವನ್ನೂ ಅಂಗಡಿಯವರು ಅದೇ ಕಾಲಮ್ಮಿನಲ್ಲಿ ಬರೆದು, ಷರಾದಲ್ಲಿ ‘ಮುಂಗಡ’ ಎಂದಷ್ಟೇ ಗುರುತು ಹಾಕಿರುತ್ತಾರೆ. ಯಾರಿಗೂ ಬೇಡವೆಂದು ಮೇಲೆ ಬಿಟ್ಟಿದ್ದ ಷರಾ ಇಲ್ಲಿ ಬೇಕಾಗುತ್ತದೆ; ಆರಂಭಿಕ ಶಿಲ್ಕು ಎಂಬ ಫೀಲ್ಡಿನ ಉತ್ತರ ಬಾಕಿ ಮತ್ತು ಷರಾ ಎರಡನ್ನೂ ನೋಡಿ ಬರೆಯಬೇಕಾದದ್ದು. ಹಾಗೆಂದರೆ ಮೊದಲು ಬಾಕಿಗೆ ಕೂಡುವ ಅಥವಾ ಕಳೆಯುವ ಚಿಹ್ನೆ ಹಾಕಿದ ಹೊಸ ಕಾಲಂ ಮಾಡಿಕೊಂಡು, ಅದೊಂದನ್ನೇ ಫೀಲ್ಡಿಗೆ ಹೊಂದಿಸಬೇಕು. ಬಾಕಿ ಖಾಲಿಯಿದ್ದರೆ ಅದು ಸೊನ್ನೆಯೋ ಬರೆಯಲು ಬಿಟ್ಟುಹೋದದ್ದೋ ಎಂಬುದನ್ನು ಅಂಗಡಿಯವರನ್ನೇ ಕೇಳಬೇಕು.

ತಾಳೆ ನೋಡುವುದು

ಇಡೀ ಪಟ್ಟಿಯನ್ನು ಒಮ್ಮೆಲೇ ಸೇರಿಸುವ ಬದಲು ಮೂಲ ಫೈಲಿನ ಪ್ರತಿ ಇಟ್ಟುಕೊಂಡು ಐದಾರು ಸಾಲುಗಳಿಂದ ಪರೀಕ್ಷಿಸಬೇಕು. ಮೊದಲ ಐದು ಸಾಲುಗಳಲ್ಲ, ತೊಡಕಿನ ಐದು ಸಾಲುಗಳು: ಎರಡು ಇನಿಷಿಯಲ್ ಇರುವ ಹೆಸರು, 12ಕ್ಕಿಂತ ಕಡಿಮೆ ತಾರೀಖಿನ ದಿನಾಂಕ, ವಿಳಾಸದಲ್ಲಿ ಅಲ್ಪವಿರಾಮ, ಮುಂಗಡ, ಒಂದೇ ಫೋನ್ ಇರುವ ಇಬ್ಬರು.

ಪೂರ್ತಿ ಸೇರಿಸಿದ ಮೇಲೆ ಎರಡು ಎಣಿಕೆ. ಹಾಳೆಯಲ್ಲಿ ಎಷ್ಟು ಸಾಲು, ತಂತ್ರಾಂಶದಲ್ಲಿ ಎಷ್ಟು ಗ್ರಾಹಕರು? ಹಾಳೆಯ ಶಿಲ್ಕಿನ ಮೊತ್ತ ಎಷ್ಟು, ತಂತ್ರಾಂಶದ್ದು ಎಷ್ಟು? 200 ಸಾಲು ಹೋಗಿ 197 ಗ್ರಾಹಕರು ಉಳಿದಿದ್ದರೆ ಯಾರೋ ಯಾರಲ್ಲೋ ಸೇರಿಹೋಗಿದ್ದಾರೆ. ಆದರೆ ಈ ಎರಡೂ ಸರಿಹೊಂದಿದರೂ ಹೊಂದಿಕೆ ಸರಿಯೆಂದು ಸಾಧಿಸಿದಂತಾಗುವುದಿಲ್ಲ. ಇಬ್ಬರ ಬಾಕಿ ಅದಲುಬದಲಾದರೆ ಮೊತ್ತ ಒಂದು ಪೈಸೆಯೂ ಬದಲಾಗದು. ಸಂಕಲನದ ಪರಿವರ್ತನೀಯ ಗುಣವೇ ಇಲ್ಲಿ ತಪ್ಪನ್ನು ಮುಚ್ಚಿಡುತ್ತದೆ. ದಿನಾಂಕ, ಹೆಸರುಗಳಂತೂ ಮೊತ್ತದ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕಾಗಿ ಹಾಳೆಯ ನಡುನಡುವಿನಿಂದ ಹತ್ತು ಸಾಲು ಆರಿಸಿ, ಒಬ್ಬರು ಮೂಲ ಉದ್ರಿ ಪುಸ್ತಕದಿಂದ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪರದೆಯ ಮೇಲೆ ನೋಡಬೇಕು. ತರಗತಿಯಲ್ಲಿ ಮಕ್ಕಳನ್ನು ಜೋಡಿ ಮಾಡಿ, ಬೇಕೆಂದೇ ಎರಡು ಕಡೆ ತಪ್ಪಿರುವ ಹಾಳೆಗಳನ್ನು ಕೊಟ್ಟು ಇದನ್ನು ಮಾಡಿಸಿದೆ. ಮೊತ್ತ ಸರಿಯಿದೆಯೆಂದು ಮೊದಲೇ ಪೆನ್ನು ಕೆಳಗಿಟ್ಟ ಜೋಡಿಗಳು ನಾಲ್ಕು. ಅವರ ಹಾಳೆಯಲ್ಲಿ ಅದಲುಬದಲಾಗಿದ್ದದ್ದು ಆರನೆಯ ಮತ್ತು ಒಂಬತ್ತನೆಯ ಸಾಲಿನ ಬಾಕಿ.