ಶಾಮಕ ಗುಳಿಗೆಯೂ ಸಮದುಃಖಿಗಳೂ

ಪರೀಕ್ಷೆಯ ಹಿಂದಿನ ರಾತ್ರಿ ನಿದ್ರೆ ಬಾರದಿರುವುದು, ಎದೆ ಡವಗುಟ್ಟುವುದು, ಅಂಗೈ ಬೆವರುವುದು ನಮ್ಮ ವಿದ್ಯಾರ್ಥಿ ವಾಚಕರಿಗೆ ಹೊಸ ಸಂಗತಿಗಳೇನಲ್ಲ. ಬೆಳಗಾಗಿ ಪ್ರಶ್ನಪತ್ರಿಕೆಯು ಕೈಗೆ ಬಂದೊಡನೆ ಈ ಕಳವಳವು ಬಹುಮಟ್ಟಿಗೆ ತಾನಾಗಿಯೇ ಇಳಿದುಹೋಗುತ್ತದೆ. ಆದರೆ ಕೆಲವರಲ್ಲಿ ಕಾರಣವು ಕಳೆದರೂ ಕಳವಳವು ಕಳೆಯುವುದಿಲ್ಲ. ತಿಂಗಳುಗಟ್ಟಲೆ ನಿಂತು, ಊಟ ನಿದ್ರೆಗಳನ್ನು ಕೆಡಿಸಿ, ಮನುಷ್ಯನನ್ನು ಹಣ್ಣುಮಾಡಿಬಿಡುತ್ತದೆ. ಅಂಥವರಿಗೆಂದು ವೈದ್ಯರು ಕೊಡುವ ಶಾಮಕ ಗುಳಿಗೆಗಳಲ್ಲಿ ಬೆಂಜೋಡಯಾಜೆಪೀನ್ ಎಂಬ ಕುಲಕ್ಕೆ ಸೇರಿದವು ಬಹು ಪ್ರಸಿದ್ಧವಾದವು. ಡಯಾಜೆಪಾಮ್, ಲೊರಾಜೆಪಾಮ್, ಆಲ್ಪ್ರಜೋಲಾಮ್, ಕ್ಲೊನಾಜೆಪಾಮ್ ಎಂಬ ಹೆಸರುಗಳನ್ನು ವೈದ್ಯರ ಚೀಟಿಗಳಲ್ಲಿ ಅನೇಕರು ಕಂಡಿರಬಹುದು. ಇವುಗಳನ್ನು ನುಂಗತೊಡಗುವುದು ಸುಲಭ. ವರ್ಷಗಟ್ಟಲೆ ನುಂಗಿದ ಮೇಲೆ ಬಿಡುವ ಬಗೆ ಹೇಗೆ? ಈ ಪ್ರಶ್ನೆಗೆ ದೊರೆತ ಉತ್ತರದಲ್ಲಿ ಪ್ರಯೋಗಶಾಲೆಯ ಪಾಲು ಎಷ್ಟೋ ಅಷ್ಟೇ ದೊಡ್ಡ ಪಾಲು, ಒಂದೆಡೆ ಕುಳಿತು ತಂತಮ್ಮ ಪಾಡನ್ನು ಹೇಳಿಕೊಂಡ ಸಾಮಾನ್ಯ ರೋಗಿಗಳದು.

ಔಷಧಿಯ ಹುಟ್ಟಿನ ಕಥೆಯೇ ಸ್ವಾರಸ್ಯವಾಗಿದೆ. ಲಿಯೋ ಸ್ಟರ್ನ್‌ಬಾಕ್ ಎಂಬ ರಸಾಯನ ವಿಜ್ಞಾನಿಯು 1930ರ ದಶಕದಲ್ಲಿ ಪೋಲೆಂಡಿನ ಕ್ರಾಕೋವ್ ನಗರದಲ್ಲಿದ್ದಾಗ ಬಣ್ಣಗಳಿಗೆಂದು ಕೆಲವು ಸಂಯುಕ್ತಗಳ ಮೇಲೆ ಕೆಲಸ ಮಾಡಿದ್ದನು. ಬಣ್ಣವೇನೂ ಸಿಗಲಿಲ್ಲ. 1941ರಲ್ಲಿ ಅಮೆರಿಕೆಗೆ ವಲಸೆಹೋಗಿ, ನ್ಯೂಜೆರ್ಸಿಯ ನಟ್ಲಿಯಲ್ಲಿದ್ದ ಹಾಫ್‌ಮನ್ ಲಾ ರೋಷ್ ಕಂಪೆನಿಯ ಪ್ರಯೋಗಶಾಲೆಯಲ್ಲಿ, ಮುಂದೆ 1950ರ ದಶಕದಲ್ಲಿ, ಅವನು ಅದೇ ಸಂಯುಕ್ತಗಳನ್ನು ಮತ್ತೆ ಕೈಗೆತ್ತಿಕೊಂಡನು. ಆಗಲೂ ಫಲ ಕಾಣದೆ ಕೆಲಸವು ನಿಂತಿತು. 1957ರಲ್ಲಿ ಮೇಜನ್ನು ಚೊಕ್ಕಟಮಾಡುತ್ತಿದ್ದಾಗ ಸಹೋದ್ಯೋಗಿ ಅರ್ಲ್ ರೀಡರನ ಕಣ್ಣಿಗೆ, ಪರೀಕ್ಷೆಗೆ ಕಳುಹಿಸದೆ ಉಳಿದಿದ್ದ ಒಂದಿಷ್ಟು ಹರಳುಗಳು ಬಿದ್ದವು. ಎಸೆಯುವ ಮುನ್ನ ಪರೀಕ್ಷೆಯಾದರೂ ಆಗಲೆಂದು ಕಳುಹಿಸಲಾಗಿ, ಆ ವಸ್ತುವು ಇಲಿಗಳನ್ನು ಮಂಕಾಗಿಸದೆಯೇ ಶಾಂತಗೊಳಿಸುವುದು ಕಂಡುಬಂದಿತು. ಅದೇ 1960ರಲ್ಲಿ ಲಿಬ್ರಿಯಮ್ ಎಂಬ ಹೆಸರಿನಿಂದ ಅಂಗಡಿಗೆ ಬಂದಿತು. ಅದರ ತಮ್ಮನೆನ್ನಬಹುದಾದ ಡಯಾಜೆಪಾಮ್ 1963ರಲ್ಲಿ ವ್ಯಾಲಿಯಮ್ ಎಂಬ ಹೆಸರಿನಿಂದ ಬಂದು ಅಣ್ಣನನ್ನು ಮೀರಿಸಿತು. 1978ರ ಒಂದೇ ವರ್ಷದಲ್ಲಿ ಅಮೆರಿಕೆಯಲ್ಲಿ ಮಾರಾಟವಾದ ವ್ಯಾಲಿಯಮ್ ಗುಳಿಗೆಗಳು 200 ಕೋಟಿಗೂ ಮಿಕ್ಕಿದ್ದುವು.

ಗುಳಿಗೆಯು ಮಾಡುವ ಕೆಲಸವನ್ನು ಅರಿಯಲು ನಮ್ಮ ಮಿದುಳಿನ ಒಂದು ಏರ್ಪಾಟನ್ನು ತಿಳಿದುಕೊಳ್ಳಬೇಕು. ನರಕೋಶಗಳನ್ನು ಕೆರಳಿಸುವ ರಾಸಾಯನಿಕಗಳಿರುವಂತೆ ಅವುಗಳನ್ನು ತಣಿಸುವ ರಾಸಾಯನಿಕಗಳೂ ಮಿದುಳಿನಲ್ಲಿವೆ. ತಣಿಸುವವುಗಳಲ್ಲಿ ಮುಖ್ಯವಾದುದು ಗಾಬಾ ಎಂಬುದು. ಮಿದುಳಿನಲ್ಲಿ ಅದಿರುವುದು 1950ರಲ್ಲಿ ಗೊತ್ತಾಯಿತು. ನರಕೋಶದ ಹೊರಪೊರೆಯಲ್ಲಿ ಗಾಬಾಕ್ಕಾಗಿಯೇ ಇರುವ ಗ್ರಾಹಕಗಳುಂಟು. ಗಾಬಾ ಬಂದು ಕುಳಿತಾಗ ಗ್ರಾಹಕದ ನಡುವಿನ ಕಿರುಬಾಗಿಲು ತೆರೆದು ಕ್ಲೋರೈಡ್ ಅಯಾನುಗಳು ಕೋಶದೊಳಕ್ಕೆ ಹರಿಯುತ್ತವೆ. ಕೋಶವು ಸುಲಭವಾಗಿ ಕೆರಳದಂತಾಗುತ್ತದೆ. ಬೆಂಜೋಡಯಾಜೆಪೀನುಗಳು ಅದೇ ಗ್ರಾಹಕದ ಬೇರೊಂದು ಮೂಲೆಯಲ್ಲಿ ಕುಳಿತು, ಆ ಬಾಗಿಲು ಮೇಲಿಂದ ಮೇಲೆ ತೆರೆಯುವಂತೆ ಮಾಡುತ್ತವೆ. ಹೀಗೆ ಅವು ಕುಳಿತುಕೊಳ್ಳುವ ಜಾಗವೊಂದು ಮಿದುಳಿನಲ್ಲಿದೆಯೆಂಬುದನ್ನು 1977ರಲ್ಲಿ ಡೆನ್ಮಾರ್ಕ್ ಮತ್ತು ಸ್ವಿಟ್ಸರ್ಲೆಂಡುಗಳ ವಿಜ್ಞಾನಿಗಳು ಬೇರೆ ಬೇರೆಯಾಗಿ ತೋರಿಸಿಕೊಟ್ಟರು. ಗುಳಿಗೆಯು ಮಾರಾಟಕ್ಕೆ ಬಂದು ಆಗ 17 ವರ್ಷಗಳಾಗಿದ್ದುವು!

ಮಿದುಳು ಮಾತ್ರ ಸುಮ್ಮನೆ ಕುಳಿತಿರುವ ಅಂಗವಲ್ಲ. ಹೊರಗಿನಿಂದ ಯಾರೋ ಬಾಗಿಲನ್ನು ತಳ್ಳುತ್ತಿದ್ದರೆ ಒಳಗಿನವನು ಬೆನ್ನು ಕೊಟ್ಟು ಎದುರು ಒತ್ತುವನಷ್ಟೆ. ಅಂತೆಯೇ ತಣಿಸುವ ಬಲವು ದಿನದಿನವೂ ಹೊರಗಿನಿಂದ ಒದಗುತ್ತಿರಲು, ಮಿದುಳು ತನ್ನ ಗ್ರಾಹಕಗಳ ಸೂಕ್ಷ್ಮತೆಯನ್ನು ತಗ್ಗಿಸಿ, ಕೆರಳಿಸುವ ವ್ಯವಸ್ಥೆಯನ್ನು ಚುರುಕುಮಾಡಿ ಸಮತೂಕಕ್ಕೆ ಬರುತ್ತದೆ. ಈಗ ಹೊರಗಿನವನು ತಟ್ಟನೆ ಕೈಬಿಟ್ಟನೆನ್ನಿ. ಒಳಗಿನವನು ಮುಗ್ಗರಿಸುವುದು ಖಂಡಿತ. ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದವನಿಗೆ ಆಗುವುದೂ ಇದೇ: ಮೊದಲಿದ್ದುದಕ್ಕಿಂತ ಹೆಚ್ಚಿನ ದಿಗಿಲು, ನಿದ್ರಾನಾಶ, ನಡುಕ, ಕಿವಿಯಲ್ಲಿ ಮೊರೆತ, ಬೆಳಕು ಸದ್ದುಗಳ ಅಸಹನೆ, ಚರ್ಮದ ಮೇಲೆ ಏನೋ ಹರಿದಂತಾಗುವುದು. ಕೆಲವರಿಗೆ ಸೆಳವು ಬಂದು ಪ್ರಾಣಕ್ಕೇ ಅಪಾಯವಾಗುವುದುಂಟು. ದೀರ್ಘಕಾಲ ಈ ಗುಳಿಗೆ ತೆಗೆದುಕೊಂಡವರು ಒಮ್ಮೆಗೇ ಅದನ್ನು ನಿಲ್ಲಿಸಬಾರದೆಂದು ವೈದ್ಯರು ಒತ್ತಿಹೇಳುವುದು ಇದರಿಂದಲೇ.

ಇದು ಗೊತ್ತಿರಲಿಲ್ಲವೇ ಎಂದು ವಾಚಕರು ಕೇಳಬಹುದು. ಗೊತ್ತಿತ್ತು. 1961ರಲ್ಲಿಯೇ ಅಮೆರಿಕೆಯ ಹಾಲಿಸ್ಟರ್ ಮತ್ತು ಸಂಗಡಿಗರು, ಬಹು ಹೆಚ್ಚಿನ ಪ್ರಮಾಣದಲ್ಲಿ ಲಿಬ್ರಿಯಮ್ ತೆಗೆದುಕೊಳ್ಳುತ್ತಿದ್ದ 11 ಮಂದಿ ಆಸ್ಪತ್ರೆಯ ರೋಗಿಗಳಿಗೆ ಅದರ ಬದಲು ಹುಸಿ ಗುಳಿಗೆ ಕೊಟ್ಟು ನೋಡಿದ್ದರು. ಹತ್ತು ಮಂದಿಯಲ್ಲಿ ಹೊಸ ಬಾಧೆಗಳು ಕಂಡವು. ಇಬ್ಬರಿಗೆ ಸೆಳವು ಬಂದಿತು. ಆದರೆ ಹೆಚ್ಚು ಪ್ರಮಾಣಕ್ಕೆ ಮಾತ್ರ ಈ ಕಷ್ಟ, ಮಾಮೂಲಿ ಪ್ರಮಾಣಕ್ಕೆ ಇಲ್ಲ ಎಂಬ ನಂಬಿಕೆಯು ವೈದ್ಯ ವಲಯದಲ್ಲಿ ಬೇರೂರಿತು. 1980ರಲ್ಲಿ ಬ್ರಿಟನ್ನಿನ ಔಷಧ ಪರಿಶೀಲನ ಸಮಿತಿಯು, 1960ರಿಂದ 1977ರವರೆಗೆ ಇಡೀ ದೇಶದಲ್ಲಿ ಈ ಔಷಧಿಗಳಿಗೆ ಅಂಟಿಕೊಂಡವರ ಸಂಖ್ಯೆ 28 ಎಂಬ ಅಂದಾಜನ್ನು ಮುಂದಿಟ್ಟಿತು. ಲಕ್ಷಾಂತರ ಜನ ನುಂಗುತ್ತಿದ್ದ ಗುಳಿಗೆಗೆ ಇಪ್ಪತ್ತೆಂಟೇ ಜನ! ಮರುವರ್ಷವೇ, ಎಂದರೆ 1981ರಲ್ಲಿ, ಲಂಡನ್ನಿನ ಪೆಟುರ್ಸನ್ ಮತ್ತು ಲೇಡರ್ ಎಂಬ ಸಂಶೋಧಕರು ಮಾಮೂಲಿ ಪ್ರಮಾಣದಲ್ಲಿಯೇ ದೀರ್ಘಕಾಲ ಗುಳಿಗೆ ತೆಗೆದುಕೊಂಡಿದ್ದ 16 ಜನರನ್ನು ಪರೀಕ್ಷಿಸಿದಾಗ, ಬಿಡುವಾಗಿನ ಬಾಧೆಯು ಹದಿನಾರೂ ಜನರಲ್ಲಿ ಒಂದಿಲ್ಲೊಂದು ರೂಪದಿಂದ ಕಂಡಿತು.

ಎಣಿಕೆಯು ಇಷ್ಟು ತಪ್ಪಿದುದಕ್ಕೆ ಮುಖ್ಯವಾದ ಒಂದು ಕಾರಣವುಂಟು. ಗುಳಿಗೆ ಬಿಟ್ಟವಳಿಗೆ ದಿಗಿಲು ಹೆಚ್ಚಿದರೆ, “ನೋಡಿದಿರಾ, ಹಳೆಯ ಕಾಯಿಲೆಯೇ ಮರುಕಳಿಸಿತು” ಎಂದು ತೀರ್ಮಾನವಾಗುತ್ತಿತ್ತು. ಗುಳಿಗೆಯು ಮತ್ತೆ ಮೊದಲಾಗುತ್ತಿತ್ತು. ಒಬ್ಬೊಬ್ಬರೇ ವೈದ್ಯರ ಮುಂದೆ ಕುಳಿತಾಗ ಈ ಮಾತನ್ನು ಅಲ್ಲಗಳೆಯುವುದು ಸಾಧ್ಯವಿರಲಿಲ್ಲ. 1980ರ ದಶಕದಲ್ಲಿ ಬ್ರಿಟನ್ನಿನ ಹಲವು ಊರುಗಳಲ್ಲಿ ಇಂಥವರ ಸಣ್ಣ ಸಣ್ಣ ಕೂಟಗಳು ಹುಟ್ಟಿಕೊಂಡುವು. ಬಿ.ಬಿ.ಸಿ. ಟೆಲಿವಿಷನ್ನಿನ “ದಟ್ಸ್ ಲೈಫ್” ಎಂಬ ಕಾರ್ಯಕ್ರಮವು ಈ ವಿಷಯವನ್ನೆತ್ತಿಕೊಂಡಾಗ ಸಾವಿರಾರು ಪತ್ರಗಳು ಬಂದು ಬಿದ್ದುವು. ಅವುಗಳ ಆಧಾರದ ಮೇಲೆ ಮೈಂಡ್ ಎಂಬ ಸೇವಾಸಂಸ್ಥೆಯೊಡನೆ ನಡೆಸಿದ ಸಮೀಕ್ಷೆಯು 1985ರಲ್ಲಿ ಪ್ರಕಟವಾಯಿತು. ಒಬ್ಬರ ಮುಖವನ್ನೊಬ್ಬರು ಕಂಡಿರದ ಜನ, ಅವರೆಲ್ಲರೂ ವರ್ಣಿಸುತ್ತಿದ್ದುದು ಅದೇ ಕಿವಿಮೊರೆತ, ಅದೇ ಚರ್ಮದ ಉರಿ, ಬಾಯಲ್ಲಿ ಅದೇ ಲೋಹದ ರುಚಿ. ಎಷ್ಟೋ ಜನಕ್ಕೆ ಗುಳಿಗೆ ಹಿಡಿಯುವ ಮೊದಲು ಈ ಲಕ್ಷಣಗಳಾವುವೂ ಇರಲಿಲ್ಲ. ಹಿಂದೆಂದೂ ಇರದ ಕಾಯಿಲೆ ಮರುಕಳಿಸುವುದೆಂತು? ಈ ಸರಳವಾದ ತರ್ಕವು ಕೂಟಗಳಲ್ಲಿ ಮೊದಲು ಹೊಳೆಯಿತೆಂಬುದು ನಮಗೆ ಬಹಳ ಅರ್ಥಪೂರ್ಣವಾಗಿ ತೋರುತ್ತದೆ. ಟಿಪ್ಪಣಿಗಳನ್ನು ಹೋಲಿಸಿ ನೋಡುವುದು ವಿಜ್ಞಾನದ ಮೊದಲ ಹೆಜ್ಜೆಯಲ್ಲವೇ? 1988ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷಾ ಸಮಿತಿಯು, ಈ ಗುಳಿಗೆಗಳನ್ನು ಎರಡರಿಂದ ನಾಲ್ಕು ವಾರಗಳಿಗೆ ಮಾತ್ರ ಮಿತಗೊಳಿಸಬೇಕೆಂದು ವೈದ್ಯರಿಗೆ ಸೂಚಿಸಿತು.

ರೋಗಿಗಳ ಮಾತಿಗೆ ಕಿವಿಗೊಟ್ಟ ವೈದ್ಯರಲ್ಲಿ ಹೆದರ್ ಆಷ್ಟನ್ ಅವರ ಹೆಸರನ್ನು ಮೊದಲು ಹೇಳಬೇಕು. ಈಕೆ ಹುಟ್ಟಿದುದು ನಮ್ಮ ದೇಶದ ಡೆಹರಾಡೂನಿನಲ್ಲಿ, 1929ರಲ್ಲಿ. ಭಾರತದ ಕಾಡುಗಳನ್ನು ವರ್ಗೀಕರಿಸಿ ಹೆಸರಾದ ಅರಣ್ಯಶಾಸ್ತ್ರಜ್ಞ ಹ್ಯಾರಿ ಚಾಂಪಿಯನ್ ಇವರ ತಂದೆ. ಔಷಧಶಾಸ್ತ್ರದ ವಿದ್ವಾಂಸರಾದ ಈಕೆ 1982ರಿಂದ 1994ರವರೆಗೆ ಇಂಗ್ಲೆಂಡಿನ ನ್ಯೂಕಾಸಲ್ ನಗರದಲ್ಲಿ, ಶಾಮಕ ಗುಳಿಗೆಗಳನ್ನು ಬಿಡಬೇಕೆನ್ನುವವರಿಗಾಗಿಯೇ ಒಂದು ಚಿಕಿತ್ಸಾಲಯವನ್ನು ನಡೆಸಿ ಸುಮಾರು 300 ಮಂದಿಯನ್ನು ನೋಡಿಕೊಂಡರು. ಬಿಡುವ ವಿಧಾನವನ್ನು ಬಹುಪಾಲು ರೋಗಿಗಳಿಂದಲೇ ಕಲಿತುದಾಗಿ ಅವರು ಹೇಳಿಕೊಂಡಿದ್ದಾರೆ. ಆ ಅನುಭವವನ್ನೆಲ್ಲ ಸೇರಿಸಿ ಬರೆದ ಕೈಪಿಡಿಯು 1999ರಲ್ಲಿ ಹೊರಬಂದಿತು. ಅದರ ಜೀವಾಳವಿಷ್ಟೆ: ಇಳಿಸುವುದು ನಿಧಾನವಾಗಿರಲಿ, ಇಳಿಯುವ ವೇಗವನ್ನು ವೈದ್ಯರ ನೆರವಿನಿಂದ ರೋಗಿಯೇ ನಿರ್ಧರಿಸಲಿ. ಅವರು 2019ರಲ್ಲಿ ತೀರಿಕೊಂಡರು.

ನಿಧಾನವೆಂದರೆ ಎಷ್ಟು ನಿಧಾನ? ಇಲ್ಲಿ ಸ್ವಲ್ಪ ಲೆಕ್ಕವನ್ನು ಮಾಡಿ ನೋಡೋಣ. ಒಬ್ಬರು ದಿನಕ್ಕೆ 20 ಮಿಲಿಗ್ರಾಂ ಡಯಾಜೆಪಾಮ್ ತೆಗೆದುಕೊಳ್ಳುತ್ತಿದ್ದಾರೆನ್ನಿ. ಪ್ರತಿ ಸಲವೂ ಒಂದೊಂದು ಮಿಲಿಗ್ರಾಂ ಕಡಮೆ ಮಾಡಿದರೆ ಮೊದಲನೆಯ ಹೆಜ್ಜೆಯು ಇಪ್ಪತ್ತರಲ್ಲೊಂದು ಪಾಲು. ಆದರೆ ಎರಡು ಮಿಲಿಗ್ರಾಮಿನಿಂದ ಒಂದಕ್ಕೆ ಬರುವ ಹೆಜ್ಜೆಯು ಅರ್ಧಕ್ಕರ್ಧ! ಹೆಜ್ಜೆಯ ಅಳತೆ ಒಂದೇ, ಬೀಳುವ ಆಳ ಬೇರೆ. ಕೊನೆಯ ಮೆಟ್ಟಿಲುಗಳೇ ಕಷ್ಟವೆಂದು ಕೂಟಗಳಲ್ಲಿ ಅನೇಕರು ಹೇಳುತ್ತಿದ್ದುದಕ್ಕೆ ಈ ಲೆಕ್ಕವು ಹೊಂದಿಕೆಯಾಗಿದೆ. ಇದಕ್ಕೆ ಬದಲಾಗಿ ಪ್ರತಿ ಸಲವೂ ಉಳಿದುದರಲ್ಲಿ ಹತ್ತನೆಯ ಒಂದು ಪಾಲನ್ನು ತೆಗೆದರೆ 20, 18, 16.2, 14.58 ಎಂದು ಗುಣೋತ್ತರ ಶ್ರೇಢಿಯಲ್ಲಿ ಇಳಿಯುತ್ತೇವೆ. ಹತ್ತು ಹೆಜ್ಜೆಗಳ ಬಳಿಕ ಸುಮಾರು 7 ಮಿಲಿಗ್ರಾಂ, ಇಪ್ಪತ್ತರ ಬಳಿಕ ಸುಮಾರು 2.4. ಎರಡು ವಾರಕ್ಕೊಂದು ಹೆಜ್ಜೆಯೆಂದರೆ ಅಷ್ಟು ಹೊತ್ತಿಗೆ ಒಂಬತ್ತು ತಿಂಗಳು ಕಳೆದಿರುತ್ತದೆ. ಈ ಶ್ರೇಢಿಯು ಸೊನ್ನೆಯನ್ನು ಎಂದಿಗೂ ಮುಟ್ಟದೆಂಬುದನ್ನು ಗಣಿತ ಬಲ್ಲ ವಾಚಕರು ಆಗಲೇ ಗಮನಿಸಿರಬಹುದು! ವ್ಯವಹಾರದಲ್ಲಿ ಬಹಳ ಚಿಕ್ಕ ಪ್ರಮಾಣಕ್ಕೆ ಬಂದಮೇಲೆ ನಿಲ್ಲಿಸಿಬಿಡುತ್ತಾರೆ. ಅಮೆರಿಕೆಯ ವೈದ್ಯ ಸಂಘಗಳು ಕೂಡಿ 2025ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ನೂರಕ್ಕೆ 5ರಿಂದ 10ರಷ್ಟು ಇಳಿಸುವುದರಿಂದ ಆರಂಭಿಸಬೇಕೆನ್ನುತ್ತದೆ.

ಇನ್ನೊಂದು ಉಪಾಯ ಅರ್ಧಾಯುವಿಗೆ ಸಂಬಂಧಿಸಿದುದು. ರಕ್ತದಲ್ಲಿರುವ ಔಷಧಿಯು ಅರ್ಧಕ್ಕಿಳಿಯಲು ಹಿಡಿಯುವ ಕಾಲವೇ ಅರ್ಧಾಯು. ಆಲ್ಪ್ರಜೋಲಾಮಿಗೆ ಇದು ಸುಮಾರು 11 ಗಂಟೆ. ಡಯಾಜೆಪಾಮಿಗೆ ಸುಮಾರು ಎರಡು ದಿನ, ದೇಹದಲ್ಲಿ ಅದರಿಂದ ಉಂಟಾಗುವ ಕ್ರಿಯಾಶೀಲ ವಸ್ತುವಿಗೆ ಇನ್ನೂ ಹೆಚ್ಚು. ಮೊದಲನೆಯದನ್ನು ನುಂಗುವವರಲ್ಲಿ ಒಂದು ಗುಳಿಗೆಗೂ ಮುಂದಿನದಕ್ಕೂ ನಡುವೆಯೇ ಮಟ್ಟವು ಕುಸಿದು ಬಾಧೆ ತಲೆಯೆತ್ತಬಹುದು. ಆದುದರಿಂದ ಆಷ್ಟನ್ ಅವರು ಬೇಗ ಇಳಿದುಹೋಗುವ ಗುಳಿಗೆಗಳ ಬದಲು, ಹಂತಹಂತವಾಗಿ, ಸಮಬಲದ ಡಯಾಜೆಪಾಮನ್ನು ಹೂಡಿ, ಅನಂತರ ಅದನ್ನು ಇಳಿಸುತ್ತಿದ್ದರು. ಇದು ವೈದ್ಯರ ಕೈಯ ಕೆಲಸ, ಮನೆಯಲ್ಲಿ ಮಾಡತಕ್ಕುದಲ್ಲ.

ಇಷ್ಟು ದೀರ್ಘವಾದ ದಾರಿಯಲ್ಲಿ ವೈದ್ಯರ ಭೇಟಿ ತಿಂಗಳಿಗೊಮ್ಮೆಯಾದರೆ ಹೆಚ್ಚು. ಉಳಿದ ಇಪ್ಪತ್ತೊಂಬತ್ತು ದಿನಗಳ ಮಾತೇನು? ಸಮದುಃಖಿಗಳ ಕೂಟವು ಬೇಕಾಗುವುದು ಆ ದಿನಗಳಿಗೆ. ನಡುರಾತ್ರಿಯಲ್ಲಿ ಎದೆ ಹೊಡೆದುಕೊಂಡಾಗ, “ನನಗೂ ಮೂರನೆಯ ತಿಂಗಳಲ್ಲಿ ಹೀಗೆಯೇ ಆಗಿತ್ತು, ಹೋಯಿತು” ಎಂದು ಒಬ್ಬರು ಹೇಳಿದ ಮಾತು ನೆನಪಿದ್ದರೆ ದಿಗಿಲಿನ ಮೇಲೆ ದಿಗಿಲು ಏರುವುದಿಲ್ಲ. ಇದಕ್ಕೆ ಅಳತೆಯ ಸಾಕ್ಷ್ಯವೂ ಸ್ವಲ್ಪ ಉಂಟು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ 65 ವಯಸ್ಸು ದಾಟಿದ 303 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಂದು ಗುಂಪಿನವರಿಗೆ ಬರಿಯ ಪುಸ್ತಿಕೆಯನ್ನು ಕಳುಹಿಸಲಾಯಿತು. ಗುಳಿಗೆಯ ಅಪಾಯಗಳು, ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಕ್ರಮ, ಜೊತೆಗೆ ಅದನ್ನು ಬಿಟ್ಟು ಗೆದ್ದ ಸಮವಯಸ್ಕರ ಕಥೆ ಅದರಲ್ಲಿದ್ದುವು. ಆರು ತಿಂಗಳಲ್ಲಿ ಪುಸ್ತಿಕೆ ಪಡೆದವರಲ್ಲಿ ನೂರಕ್ಕೆ 27 ಜನ ಗುಳಿಗೆಯನ್ನು ಪೂರ್ತಿಯಾಗಿ ಬಿಟ್ಟಿದ್ದರು. ಪಡೆಯದವರಲ್ಲಿ ನೂರಕ್ಕೆ 5 ಮಂದಿ ಮಾತ್ರ. ಕಥೆಯ ಪಾಲೆಷ್ಟು, ಕ್ರಮದ ಪಾಲೆಷ್ಟು ಎಂಬುದನ್ನು ಈ ಪ್ರಯೋಗವು ಬಿಡಿಸಿ ಹೇಳಲಾರದು.

ಕೂಟಗಳಲ್ಲಿ ಕೊರತೆಯಿಲ್ಲವೆಂದು ನಾವು ಹೇಳುವುದಿಲ್ಲ. ಹೆಚ್ಚು ನರಳಿದವರೇ ಹೆಚ್ಚು ಮಾತನಾಡುವುದರಿಂದ ಹೊಸಬನು ಬೆದರಬಹುದು. ಕಷ್ಟವಿಲ್ಲದೆ ಬಿಟ್ಟವರು ಅಲ್ಲಿಗೆ ಬರುವುದೇ ಅಪರೂಪ. ನಿಧಾನವಾಗಿ ಇಳಿಸಿದವರಲ್ಲಿ ಅಂಥವರೂ ಉಂಟೆಂಬುದನ್ನು ಮರೆಯಬಾರದು. ಒಬ್ಬನಿಗೆ ಹಿತವಾದ ಪ್ರಮಾಣವನ್ನು ಇನ್ನೊಬ್ಬನಿಗೆ ಕಟ್ಟುವುದು ದೊಡ್ಡ ತಪ್ಪು. ಅಪಸ್ಮಾರವುಳ್ಳವರು, ಮದ್ಯ ಸೇವಿಸುವವರು, ಗರ್ಭಿಣಿಯರು, ಇವರ ವಿಷಯದಲ್ಲಿ ಗೆಳೆಯರ ಸಲಹೆ ಸಾಲದು. ಔಷಧಿಯನ್ನೇ ದೂಷಿಸುವುದೂ ಸಲ್ಲದು: ಎಡೆಬಿಡದ ಸೆಳವನ್ನು ನಿಲ್ಲಿಸಿ ಜೀವವುಳಿಸುವಲ್ಲಿ ಡಯಾಜೆಪಾಮ್ ಇಂದಿಗೂ ಉಪಯುಕ್ತ.

ನಮ್ಮ ದೇಶದಲ್ಲಿ ಡಯಾಜೆಪಾಮ್, ಆಲ್ಪ್ರಜೋಲಾಮ್ ಮೊದಲಾದವು 2014ರ ಮಾರ್ಚಿಯಿಂದ ಎಚ್-1 ಎಂಬ ಅನುಸೂಚಿಗೆ ಸೇರಿವೆ. ವೈದ್ಯರ ಚೀಟಿಯಿಲ್ಲದೆ ಅಂಗಡಿಯವರು ಇವನ್ನು ಕೊಡುವಂತಿಲ್ಲ; ಕೊಟ್ಟುದನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಆದರೂ ಹಳೆಯ ಚೀಟಿಯೊಂದನ್ನೇ ತೋರಿಸಿ ವರ್ಷಗಟ್ಟಲೆ “ನಿದ್ದೆ ಮಾತ್ರೆ” ತರಿಸುವ ಮನೆಗಳು ವಾಚಕರ ಪರಿಚಯದಲ್ಲಿಯೂ ಇರಬಹುದು. ಈ ಲೇಖನವನ್ನೋದಿದ ಉತ್ಸಾಹದಲ್ಲಿ ಅಜ್ಜಿಯ ಗುಳಿಗೆಗಳನ್ನು ಬಚ್ಚಿಡಲು ಯಾರೂ ಹೋಗಬಾರದು. ಅದಕ್ಕಿಂತ ದೊಡ್ಡ ಅಪಕಾರ ಬೇರೊಂದಿಲ್ಲ. ಗುಳಿಗೆಯ ಹೆಸರು, ಎಷ್ಟು ಮಿಲಿಗ್ರಾಂ, ಎಂದಿನಿಂದ, ರಾತ್ರಿ ಎಷ್ಟು ಗಂಟೆ ನಿದ್ರೆ ಎಂಬಿವನ್ನು ಒಂದು ನೋಟುಪುಸ್ತಕದಲ್ಲಿ ತಿಂಗಳು ಕಾಲ ಬರೆದಿಟ್ಟು, ಅಜ್ಜಿಯ ಜೊತೆಗೆ ಹೋಗಿ ವೈದ್ಯರಿಗೆ ತೋರಿಸಿದರೆ, ಅವರು ಇಳಿಸುವ ಪಟ್ಟಿಯನ್ನು ಹಾಕಿಕೊಡಲು ಅನುಕೂಲವಾಗುತ್ತದೆ. ಹತ್ತಿರದಲ್ಲಿ ಯಾರೂ ಸಿಕ್ಕದಿದ್ದಲ್ಲಿ, ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಕರೆಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.